ಒಂದಿನ ಹೋಗುಮ ಬುಡಿ

ಭಾನುವಾರ ಬೆಳಗ್ಗೆ ಬೆಂಗಳೂರಿನ ಕಾರೊಂದು ಮೈಸೂರಿನ ಪಕ್ಕದ ಇಲವಾಲದ ಸರ್ಕಲ್ಲಿನಲ್ಲಿ ನಿಂತಿತು. ಗಾಜು ಇಳಿಸಿದ ಹುಡುಗ, ‘ಅಂಕಲ್, ಮೀನಾಕ್ಷಿಪುರದ ಹಿನ್ನೀರಿಗೆ ಹೇಗೆ ಹೋಗೋದು?’ ಎಂದ. ಟೀ ಅಂಗಡಿಯ ಬೆಂಚಿನಿಂದ ಎದ್ದು ಹೋದವರು ಕಾರಿನ ಬಾಗಿಲಿಗೆ ಮೊಣಕೈ ಊರಿ ಐದು ನಿಮಿಷ ದಾರಿ ಹೇಳಿದರು. ಎಲ್ಲಿ ತಿರುಗಬೇಕು, ಎಲ್ಲಿ ರಸ್ತೆ ಕಿರಿದಾಗುತ್ತದೆ, ಎಲ್ಲಿ ನಿಲ್ಲಿಸಿದರೆ ಚಕ್ರ ಕೆಸರಿಗೆ ಇಳಿಯುವುದಿಲ್ಲ, ಸಂಜೆ ಎಷ್ಟು ಹೊತ್ತಿಗೆ ನೀರು ಕೆಂಪಗಾಗುತ್ತದೆ, ಫೋಟೋಕ್ಕೆ ಯಾವ ಕಡೆ ಮುಖ ಮಾಡಿ ನಿಲ್ಲಬೇಕು, ಎಲ್ಲ ಹೇಳಿದರು. ‘ನೀರಿಗೆ ಮಾತ್ರ ಇಳೀಬೇಡಿ, ತಳದಲ್ಲಿ ಹೂಳದೆ’ ಎಂದು ಎಚ್ಚರಿಸಿದರು. ಹುಡುಗನಿಗೆ ಭಕ್ತಿ ಉಕ್ಕಿತು. ‘ನೀವು ವಾರ ವಾರ ಹೋಗ್ತೀರೇನೋ ಅಂಕಲ್’ ಎಂದ.

‘ಏ, ನಾನೆಲ್ಲಪ್ಪ ಹೋಗಿವ್ನಿ? ಇಲ್ಲೇ ಅದಲ್ಲ, ಎಲ್ಲೋಯ್ತದೆ? ಒಂದಿನ ಹೋಗುಮ ಅಂತಿವ್ನಿ.’

ಇವರೇ ನಮ್ಮ ಬೇಕಣ್ಣ. ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿದೆ, ಅದು ನಿಮಗೆ ಬೇಡ. ‘ಮಾಡ್ಬೇಕು ಕಣಣ್ಣ’ ಎಂಬ ಮಾತನ್ನು ಮೂವತ್ತು ವರ್ಷ ಒಂದೇ ರಾಗದಲ್ಲಿ ಹೇಳುತ್ತ ಬಂದದ್ದರಿಂದ ತಲೆಯೂ ನಡುವೂ ಸವೆದು ಬಾಲ ಮಾತ್ರ ಉಳಿಯಿತು, ಅದೇ ಹೆಸರಾಯಿತು. ವ್ಯಾಕರಣ ಬಲ್ಲವರು ಒಂದು ವಿಷಯ ಗಮನಿಸಿರಬಹುದು. ಕನ್ನಡದ ‘ಬೇಕು’ವಿಗೆ ಲಿಂಗವಿಲ್ಲ, ವಚನವಿಲ್ಲ, ಪುರುಷವೂ ಇಲ್ಲ. ನಾನು ಮಾಡಬೇಕು, ನೀನು ಮಾಡಬೇಕು, ಅವರೆಲ್ಲ ಮಾಡಬೇಕು. ಕರ್ತೃ ಯಾರೇ ಆದರೂ ಆ ಪದ ಅಲ್ಲಾಡದೆ ಕೂತಿರುತ್ತದೆ. ಬೇಕಣ್ಣ ಬೆಂಚಿನ ಮೇಲೆ ಕೂತ ಹಾಗೆ.

ಕೂರ್ಗಳ್ಳಿಯ ಕಾರ್ಖಾನೆಯೊಂದರಲ್ಲಿ ಷಿಫ್ಟು ಮಾಡುತ್ತಿದ್ದ ಕಾಲದಲ್ಲಿ ಅವರ ಆಸೆಗಳಿಗೆಲ್ಲ ‘ರಿಟೈರ್ ಆಗ್ಲಿ’ ಎಂಬ ಬೇಲಿ ಇತ್ತು. ಅದಕ್ಕೂ ಮುಂಚೆ ಮಗಳ ಮದುವೆಯ ಬೇಲಿ, ಮಗನ ಓದಿನ ಬೇಲಿ, ಮನೆಗೆ ಮೇಲಂತಸ್ತು ಎತ್ತಿಸುವ ಬೇಲಿ. ಈಗ ಎಲ್ಲ ಬೇಲಿಯೂ ಬಿದ್ದುಹೋಗಿದೆ. ಮಗಳು ಗಂಡನ ಮನೆಯಲ್ಲಿದ್ದಾಳೆ, ಮಗ ಕೆಲಸದಲ್ಲಿದ್ದಾನೆ, ಮೇಲಂತಸ್ತಿನಲ್ಲಿ ಬಾಡಿಗೆಯವರಿದ್ದಾರೆ. ‘ಇನ್ನೇನು ಬೇಕಣ್ಣ?’ ಎಂದರೆ, ‘ಈಗ ಟೈಮೇ ಟೈಮು ಕಣಣ್ಣ. ಆತುರ ಏನದೆ?’ ಎನ್ನುತ್ತಾರೆ.

ಇಂಥವರು ಏನೂ ಮಾಡದ ಸೋಮಾರಿಗಳು ಎಂದು ನೀವು ತಿಳಿದರೆ ತಪ್ಪು. ಬೇಕಣ್ಣ ಕಾಶಿಗೆ ಹೋಗಿಬಂದಿದ್ದಾರೆ. ಮೈಸೂರಿನಿಂದ ವಾರಾಣಸಿಗೆ ನೇರ ರೈಲಿದೆ. ಮಗ ಟಿಕೆಟ್ ಮಾಡಿಸಿದ, ಇವರು ಹತ್ತಿದರು, ರೈಲು ಹೋಯಿತು. ಕಾಶಿಗೆ ಹೋದವರು ಇಲ್ಲೇ ಹತ್ತಿರದ ಚಾಮುಂಡಿಬೆಟ್ಟದ ಮೆಟ್ಟಿಲು ಯಾಕೆ ಹತ್ತಲಿಲ್ಲ ಎಂದು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ‘ನೋಡಣ್ಣ, ಕಾಶಿಗೆ ಟಿಕೆಟ್ಟದೆ. ಟಿಕೆಟ್ಟಲ್ಲಿ ತಾರೀಕದೆ. ಚಾಮುಂಡಿಬೆಟ್ಟದ ಮೆಟ್ಲಿಗೆ ಯಾವ ತಾರೀಕು?’

ದೂರ ಇರುವುದು ಆಗಿಬಿಡುತ್ತದೆ, ಹತ್ತಿರದ್ದೇ ಆಗದು. ಜೈಪುರದವನು ಎರಡು ದಿನದಲ್ಲಿ ಅರಮನೆ, ಮೃಗಾಲಯ, ಬೆಟ್ಟ, ಬೃಂದಾವನ ಮುಗಿಸಿ ಊಟಿಗೆ ಹೋಗುತ್ತಾನೆ. ಇಲವಾಲದವರು ಅವನಿಗೆ ದಾರಿ ತೋರಿಸುತ್ತಾರೆ.

ಕಾಶಿಯ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿಗೆ ಹೋದವರು ಇಷ್ಟದ ಹಣ್ಣೋ ತರಕಾರಿಯೋ ಒಂದನ್ನು ಬಿಟ್ಟುಬರುವ ಪದ್ಧತಿ ಇದೆಯಲ್ಲ. ನೀವೇನು ಬಿಟ್ಟಿರಿ ಎಂದು ಬೆಂಚಿನವರು ವಿಚಾರಿಸಿದರು. ‘ಸೀಬೆಹಣ್ಣೋ ಬದ್ನೇಕಾಯೋ ಅಂತ ಯೋಚ್ನೆ ಮಾಡ್ತಿದ್ದೆ. ಅಷ್ಟೊತ್ಗೆ ರೈಲಿಗೆ ಹೊತ್ತಾಯ್ತು. ಬುಡ್ಬೇಕು ಕಣಣ್ಣ.’ ಎಂಟು ವರ್ಷವಾಯಿತು. ಎರಡನ್ನೂ ತಿನ್ನುತ್ತಿದ್ದಾರೆ.

ಬೆಟ್ಟದ ಮೆಟ್ಟಿಲಿಗೆ ತಯಾರಿ ನಡೆಯಲಿಲ್ಲ ಎನ್ನುವಂತಿಲ್ಲ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಮೆಟ್ಟಿಲು ಅವು. ಸಾವಿರ ಎಂದು ಕೆಲವರು, ಸಾವಿರದ ಎಂಟು ಎಂದು ಕೆಲವರು. ಎಣಿಸಿ ನಿರ್ಧಾರ ಮಾಡಬೇಕು ಎಂಬುದೂ ಬೇಕಣ್ಣನ ಪಟ್ಟಿಯಲ್ಲಿದೆ. ಅದಕ್ಕಾಗಿ ಕ್ಯಾನ್ವಾಸ್ ಷೂ ತಂದರು. ಒಂದು ಆಷಾಢ ಕಳೆಯಿತು, ಮಳೆ ಇತ್ತು. ಇನ್ನೊಂದು ಆಷಾಢ, ಜನ ಜಾಸ್ತಿ. ಆರನೇ ಆಷಾಢಕ್ಕೆ ಡಬ್ಬ ತೆಗೆದು ನೋಡಿದರೆ ಎರಡೂ ಷೂವಿನ ಸೋಲು ಬಾಯಿ ಬಿಟ್ಟಿತ್ತು. ಹೊಲಿಸಲು ಒಯ್ದಾಗ ಅಂಗಡಿಯವನು ಕೈಯಲ್ಲಿ ಹಿಡಿದು ತಿರುಗಿಸಿ, ‘ಬೋ ನಡೆದಿದ್ದೀರಿ ಯಜಮಾನ್ರೆ’ ಎಂದನಂತೆ. ಬೇಕಣ್ಣ ಅಲ್ಲಗಳೆಯಲಿಲ್ಲ.

ಅವರ ಹೆಂಡತಿ ಮಾತ್ರ ಪ್ರತಿ ಆಷಾಢದಲ್ಲೂ ಒಂದು ಶುಕ್ರವಾರ ನಸುಕಿಗೇ ಎದ್ದು, ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಇಡುತ್ತ ಬರಿಗಾಲಲ್ಲಿ ಹತ್ತಿ ಬರುತ್ತಾರೆ. ‘ನಾನು ಹತ್ತಿ ಇಳಿದು ಬಂದು ಇವ್ರಿಗೆ ಪ್ರಸಾದ ಕೊಡ್ತೀನಿ ಕಣಣ್ಣ’ ಎಂದು ಅವರೇ ಒಮ್ಮೆ ಹೇಳಿದರು. ‘ತಿಂದ್ಕೊಂಡು, ಅಬ್ಬಬ್ಬ ಕಾಲು ಅಂತಾರೆ.’

ನೀರಿನ ಕಥೆಯೂ ಇದೇ. ಕನ್ನಂಬಾಡಿ ಕಟ್ಟೆ 124.80 ಅಡಿಗೆ ತುಂಬುತ್ತದೆ ಎಂಬುದನ್ನು ನಮ್ಮ ಕಡೆ ಹಾಲು ಕುಡಿಯುವ ಮಗುವೂ ಬಲ್ಲದು. ಬೇಕಣ್ಣ ಅದಕ್ಕೂ ಮುಂದೆ. ಮಳೆಗಾಲದಲ್ಲಿ ಬೆಳಗಿನ ಪೇಪರ್ ಮಡಿಚುವ ಮುಂಚೆ ಆ ದಿನದ ಮಟ್ಟ, ಒಳಹರಿವು, ಹೊರಹರಿವು, ಹೋದ ವರ್ಷ ಇದೇ ದಿನದ ಮಟ್ಟ, ನಾಲ್ಕನ್ನೂ ಬೆಂಚಿಗೆ ಒಪ್ಪಿಸುತ್ತಾರೆ. ದಶಮಾಂಶ ಕೂಡ ತಪ್ಪುವುದಿಲ್ಲ. ಹಿನ್ನೀರಿನ ದಡದಲ್ಲಿ ನಿಂತು ಕಾಲು ನೆನೆಸಿಕೊಂಡವರಲ್ಲ. ಈಜು ಕಲಿಯಬೇಕು ಎಂಬುದು ಹದಿನಾಲ್ಕನೇ ವಯಸ್ಸಿನ ಆಸೆ, ಈಗ ಅರವತ್ತಮೂರು. ನಾವು ಛೇಡಿಸಿದರೆ ಕಟ್ಟೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ‘1911ರಲ್ಲಿ ಶುರು ಮಾಡಿ ಅದು ಮುಗಿಯೋಕೆ ಇಪ್ಪತ್ತು ವರ್ಷ ಬೇಕಾಯ್ತು. ಮಾರಾಜ್ರ ಕೆಲ್ಸವೇ ಅಷ್ಟು ತಡ ಅಂದ್ಮೇಲೆ?’

ಈ ಊರಿಗೆ ಬೇಕಣ್ಣ ಹುಟ್ಟಿದ್ದು ಆಕಸ್ಮಿಕವಲ್ಲ ಎಂದು ನನ್ನ ಗುಮಾನಿ. ಇತಿಹಾಸ ಓದಿದವರಿಗೆ ಇಲವಾಲ ಗೊತ್ತಿರುವುದು ಒಂದೇ ಕಾರಣಕ್ಕೆ. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಗ್ರಾಮದಾನ ಪರಿಷತ್ತು ನಡೆಯಿತು. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಮೊದಲ ಭೂದಾನ ಪಡೆದ ವಿನೋಬಾ ಭಾವೆ ಆರು ವರ್ಷ ಊರೂರು ನಡೆದು, ಕೇರಳ ದಾಟಿ, ನಡೆದುಕೊಂಡೇ ಇಲ್ಲಿಗೆ ಬಂದರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರು, ಗೋವಿಂದ ವಲ್ಲಭ ಪಂತ್, ಜಯಪ್ರಕಾಶ್ ನಾರಾಯಣ್, ನಮ್ಮ ಮುಖ್ಯಮಂತ್ರಿ ನಿಜಲಿಂಗಪ್ಪ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಎಲ್ಲ ಬಂದರು. ಬೇರೆಲ್ಲೂ ಒಂದು ಮಾತಿಗೆ ಒಪ್ಪದವರು ಇಲ್ಲಿ ಕೂತು, ಭೂಮಿ ಊರಿನದಾಗುವುದು ಒಳ್ಳೆಯದು, ಇದಕ್ಕೆ ಎಲ್ಲರೂ ಬೆಂಬಲ ಕೊಡಬೇಕು ಎಂದು ಒಪ್ಪಿದರು. ಕೊಡಬೇಕು! ಅದೇ ವರ್ಷದ ಒಳಗೆ 5 ಕೋಟಿ ಎಕರೆ ಸೇರಬೇಕು ಎಂಬುದು ಭೂದಾನದ ಗುರಿಯಾಗಿತ್ತು. ಕೊನೆಗೂ ಸೇರಿದ್ದು ಅದರಲ್ಲಿ ಹತ್ತನೇ ಒಂದು ಪಾಲೂ ಅಲ್ಲ. ಇಡೀ ದೇಶವೇ ಒಂದು ಸಲ ಇಲವಾಲಕ್ಕೆ ಬಂದು ‘ಬೇಕು’ ಎಂದು ಹೇಳಿ ಹೋದ ಮೇಲೆ ನಮ್ಮ ಬೇಕಣ್ಣನೊಬ್ಬನನ್ನು ಆಡಿಕೊಳ್ಳುವುದು ಸರಿಯೆ? ವಿನೋಬಾ ಕಥೆಯನ್ನು ಅವರಿಗೆ ಹೇಳಿದೆ. ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ‘ಆರು ವರ್ಷ ನಡೆದ್ರಾ! ನಾನೂ ಬೆಳಗ್ಗೆ ಎದ್ದು ಒಂದರ್ಧ ಗಂಟೆ ವಾಕಿಂಗ್ ಮಾಡ್ಬೇಕು ಕಣಣ್ಣ.’

‘ಬೇಕು’ ಹಳಸಿದರೆ ‘ಬೇಕಿತ್ತು’ ಆಗುತ್ತದೆ. ಇಲವಾಲದಲ್ಲಿ ಅದಕ್ಕೆ ಸೈಟು ಎಂದು ಹೆಸರು. ರಸ್ತೆ ಬದಿಯ ಪ್ರತಿ ಬಡಾವಣೆಯ ಮುಂದೆಯೂ ಬೇಕಣ್ಣ ಬಸ್ಸಿನ ಕಿಟಕಿಯಿಂದ ಬೆರಳು ತೋರಿಸಿ, ಆ ಮೂಲೆ ಸೈಟನ್ನು ಯಾವ ವರ್ಷ ಎಷ್ಟಕ್ಕೆ ಕೇಳಿದ್ದರು ಎಂದು ಹೇಳಬಲ್ಲರು. ಈ ವಿಷಯದಲ್ಲಿ ಊರೇ ಅವರ ಜೊತೆ. ನಾನೂ.

ಎಂ.ಎ. ಮಾಡಬೇಕು ಎಂದು ಮುಕ್ತ ವಿಶ್ವವಿದ್ಯಾಲಯದ ಮುಕ್ತಗಂಗೋತ್ರಿಯಿಂದ ತಂದಿಟ್ಟ ಅರ್ಜಿ ಬೀರುವಿನಲ್ಲಿ ಹಳದಿಯಾಯಿತು. ಅದನ್ನು ಕಂಡ ಸೊಸೆ ಹೊಸದೊಂದು ತರಿಸಿ ತುಂಬಿ, ಓದಿ, ಪಾಸಾದಳು. ಆಕೆ ಓದುವಾಗ ಮನೆಯಲ್ಲಿ ಟೀವಿ ಹಾಕಲು ಮಾವ ಯಾರನ್ನೂ ಬಿಡಲಿಲ್ಲ. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ, ಯಾಕೆಂದರೆ ನಿಜವಾದ ಆಸೆಗೆ ಇನ್ನೂ ಬಂದಿಲ್ಲ.

ನಿಜವಾದ ಆಸೆ ದುರ್ಯೋಧನ.

ಮೈಸೂರು-ಮಂಡ್ಯ ಸೀಮೆಯ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಎಂದರೆ ಏನೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ಗುಬ್ಬಿ ವೀರಣ್ಣನವರ ಕಂಪನಿ ಅದಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದಿತ್ತು. ನಮ್ಮಲ್ಲಿ ಆನೆ ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು ಕೊಡುತ್ತಾರೆ. ಪಾರ್ಟು ಮಾಡುವವರಿಗೆ ದುಡ್ಡು ಸಿಗುವುದಿಲ್ಲ, ಪಾರ್ಟಿಗೆ ಇವರೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನ ದುಬಾರಿ. ಧರ್ಮರಾಯ ಅಗ್ಗ. ಧರ್ಮಕ್ಕೆ ಯಾವ ಕಾಲದಲ್ಲೂ ರೇಟು ಬಂದಿಲ್ಲ. ಸೀನರಿ, ಲೈಟು, ಕಿರೀಟ, ಗದೆ ಎಲ್ಲ ಬಾಡಿಗೆಗೆ ಬರುತ್ತವೆ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ. ರಾತ್ರಿ ಒಂಬತ್ತಕ್ಕೆ ಶುರುವಾದ ಯುದ್ಧ ಕೋಳಿ ಕೂಗುವಾಗ ಮುಗಿಯುತ್ತದೆ.

ಬೇಕಣ್ಣನ ಮೀಸೆಯನ್ನು ನೀವು ನೋಡಬೇಕು. ಅದು ಆ ಪಾರ್ಟಿಗೆಂದೇ ಬಿಟ್ಟದ್ದು. ಮೊದಲು ಕಪ್ಪಗಿತ್ತು, ಆಮೇಲೆ ಬೆರಕೆಯಾಯಿತು, ಈಗ ಭೀಷ್ಮನಿಗೆ ಹೊಂದುತ್ತದೆ. ದುರ್ಯೋಧನನ ಮಾತು, ಕಂದ, ಹಾಡು ಮಾತ್ರವಲ್ಲ, ಎದುರು ನಿಂತವರದೂ ಅವರಿಗೆ ಬಾಯಿಪಾಠ. ಹಾಗಾಗಿ ಪ್ರತಿ ನಾಟಕಕ್ಕೂ ಸೈಡ್‌ವಿಂಗಿನಲ್ಲಿ ನಿಂತು ಮರೆತ ಮಾತು ಎತ್ತಿಕೊಡುವುದು ಅವರ ಪಾಲಿಗೆ ಬಂದ ಕೆಲಸ. ಪಾರ್ಟಿನ ಅಡ್ವಾನ್ಸ್ ಕೊಡುವ ದಿನ ಬಂದರೆ, ‘ಈ ಸಲ ಬೇಡಿ, ಗಂಟ್ಲು ಸರಿ ಇಲ್ಲ, ಮುಂದ್ಲ ಸಲ ಮಾಡುಮ’ ಎನ್ನುತ್ತಾರೆ.

ಮೂರು ವರ್ಷದ ಹಿಂದಿನ ನಾಟಕದಲ್ಲಿ ಗಂಟಲು ಕೆಟ್ಟದ್ದು ಬೇರೆಯವರದು. ರಾತ್ರಿ ಎರಡೂವರೆ. ಮೂರು ಒನ್ಸ್ ಮೋರ್ ಹೊಡೆಸಿಕೊಂಡ ದುರ್ಯೋಧನ ಒಳಗೆ ಬಂದು ಕೂತವನು ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿದೆ. ಮುಂದೆ ಕರ್ಣನ ಸಾವು, ವೈಶಂಪಾಯನ ಸರೋವರ, ಗದಾಯುದ್ಧ, ಎಲ್ಲ ಬಾಕಿ. ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಬಿಟ್ಟು ಎದ್ದು ಬಂದರು. ‘ಬೇಕಣ್ಣ, ಹಾಕ್ಕಳಿ ಕಿರೀಟ.’

ನಾನು ಅಲ್ಲೇ ಇದ್ದೆ. ಕಿರೀಟ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಭುಜಕೀರ್ತಿ ಕಟ್ಟಿದರು, ಗದೆ ಕೈಗೆ ಕೊಟ್ಟರು. ಮೇಕಪ್ಪಿನ ಕನ್ನಡಿಯ ಮುಂದೆ ಬೇಕಣ್ಣ ನಿಂತರು. ಎಷ್ಟು ಹೊತ್ತು ನಿಂತರು ಎಂದರೆ ಹೊರಗೆ ಶಿಳ್ಳೆ ಶುರುವಾಯಿತು. ಆಮೇಲೆ ಎರಡು ಕೈಯಲ್ಲೂ ಕಿರೀಟ ಎತ್ತಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಪೆಟ್ಟಿಗೆಯೊಳಗೆ ಇಟ್ಟರು.

‘ಮೇಷ್ಟ್ರೆ, ಹಿಂಗೆ ಅರ್ಧಕ್ಕೆ ನುಗ್ಗಬಾರ್ದು. ಮಾಡುದ್ರೆ ಮೊದ್ಲಿಂದ ಮಾಡ್ಬೇಕು.’

ಜಗಳವಾಡಲು ಹೊತ್ತಿರಲಿಲ್ಲ. ಹಳೆಯ ದುರ್ಯೋಧನನೇ ಹೋಗಿ ಬಾಯಾಡಿಸುವುದು, ಬೇಕಣ್ಣ ಪರದೆಯ ಹಿಂದಿನಿಂದ ಮೈಕು ಹಿಡಿದು ಹಾಡುವುದು ಎಂದಾಯಿತು. ಆ ರಾತ್ರಿ ಕರ್ಣನ ಹೆಣದ ಮುಂದೆ ದುರ್ಯೋಧನ ಅತ್ತ ಹಾಡಿಗೆ ಜನ ಎದ್ದು ನಿಂತು ನಾಲ್ಕು ಸಲ ಒನ್ಸ್ ಮೋರ್ ಕೂಗಿದರು. ಮಂಡಕ್ಕಿ ಮಾರುವವನು ಮಾರುವುದನ್ನು ಬಿಟ್ಟು ಕಣ್ಣೊರೆಸಿಕೊಂಡ. ನೋಟಿನ ಹಾರ ಬಿತ್ತು, ಬಾಯಾಡಿಸಿದವನ ಕೊರಳಿಗೆ.

ಬೆಳಗ್ಗೆ ಟೀ ಕುಡಿಯುತ್ತ ನಾನು, ‘ಅಂತೂ ದುರ್ಯೋಧನ ಮಾಡಿಬಿಟ್ರಿ ಬೇಕಣ್ಣ’ ಎಂದೆ. ಅವರು ಗಾಬರಿಯಾದರು. ಕೈಯಲ್ಲಿದ್ದ ಲೋಟ ಬೆಂಚಿನ ಮೇಲಿಟ್ಟರು. ಅಕ್ಕಪಕ್ಕ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದರು.

‘ಏ, ಅದೆಲ್ಲಿ ಮಾಡ್ದಂಗಾಯ್ತು? ಅನ್ಬೇಡಿ ಹಂಗೆ. ಮಾಡ್ಬೇಕು ಕಣಣ್ಣ, ಒಂದಿನ.’

ನೀವು ಆ ಕಡೆ ಬಂದರೆ ಸರ್ಕಲ್ಲಿನಲ್ಲಿ ಗಾಜು ಇಳಿಸಿ ಬೇಕಣ್ಣನನ್ನೇ ದಾರಿ ಕೇಳಿ, ಅವರಷ್ಟು ಚೆನ್ನಾಗಿ ಹೇಳುವವರು ಇಲ್ಲ. ಹಿಂದಿನ ಸೀಟು ಖಾಲಿ ಇದ್ದರೆ ಮಾತ್ರ ‘ಬನ್ನಿ, ನೀವೂ ಹತ್ತಿ’ ಎಂದು ಕರೆಯಬೇಡಿ. ಹೋದ ವರ್ಷ ಯಾರೋ ಪುಣ್ಯಾತ್ಮರು ಬಾಗಿಲು ತೆರೆದೇ ಕರೆದರು. ಆಮೇಲೆ ನಾಲ್ಕು ದಿನ ಬೇಕಣ್ಣ ಟೀ ಅಂಗಡಿಯ ಕಡೆ ಸುಳಿಯಲಿಲ್ಲ.