ಅಕ್ಕಿ ಚೀಲದಲ್ಲಿ ಬಂದ ಎರಡನೆಯದು

ಗಂಗಾವತಿ ಸೀಮೆಯವರು ಬೆಂಗಳೂರಿಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಹೋದರೆ ಅಲ್ಲಿಯ ನಂಟರು ಮೊದಲು ನಮ್ಮ ಕೈ ನೋಡುತ್ತಾರೆ, ಆಮೇಲೆ ಮುಖ. ಬಸ್ಸಿನ ಡಿಕ್ಕಿಯಲ್ಲಿ 25 ಕೆಜಿ ಸೋನಾ ಮಸೂರಿಯ ಚೀಲ ಇದ್ದರಷ್ಟೇ ನಾವು ಶ್ರೀರಾಮನಗರದವರು ಎನ್ನುವುದಕ್ಕೆ ಪುರಾವೆ. 2017ರ ಬೇಸಿಗೆಯಲ್ಲಿ ನಾನೂ ಹಾಗೆ ಸೋದರತ್ತೆಯ ಮನೆಗೆ ಅಕ್ಕಿ ಹೊತ್ತು ಹೋದೆ. ಬರುವಾಗ ಅದೇ ಖಾಲಿ ಚೀಲದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿಕೊಂಡು, ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡೊಂದನ್ನು ತಂದೆ.

ಬೆಳಿಗ್ಗೆ ಅವ್ವ ಚೀಲ ಝಾಡಿಸಿ ಮಡಚಿಡಲು ಎತ್ತಿಕೊಂಡಳು. ‘ಯವ್ವಾ, ಝಾಡಸ್‌ಬ್ಯಾಡ ಬೇ!’ ಎಂದು ನಾನು ಕೂಗಿದ್ದಕ್ಕೆ ಚೀಲದೊಳಗೆ ಹಾವೇ ಇದೆ ಎಂದುಕೊಂಡು ಕೈಬಿಟ್ಟಳು. ಹನ್ನೆರಡು ಸಾವಿರ ರೂಪಾಯಿ ಅಡುಗೆಮನೆಯ ಹೊಸ್ತಿಲಿಗೆ ಬಡಿಯಿತು. ಟವೆಲು ದಪ್ಪಗಿತ್ತು, ನನ್ನ ಪುಣ್ಯ.

ಅಪ್ಪ ಚಹದ ಬಟ್ಟಲು ಕೆಳಗಿಟ್ಟು ನೋಡಿದ.

‘ಇಂಥದ್ದ ಒಂದ್ ಐತಲ್ಲ ನಿನ್ನ ಹತ್ರ?’

‘ಐತಿ. ಇದು ಎರಡನೇದು.’

‘ಮೊದಲನೇದು ಕೆಟ್ಟೈತೇನು?’

‘ಇಲ್ಲ.’

‘ಮತ್ತ?’

ಈ ‘ಮತ್ತ?’ ಎಂಬ ಎರಡಕ್ಷರಕ್ಕೆ ಉತ್ತರ ಹುಡುಕುವುದರಲ್ಲಿ ನನ್ನ ಹರೆಯದ ಮೂರು ವರ್ಷ ಕಳೆದವು.

ಅಪ್ಪನಿಗೆ ರೂಪಾಯಿಯ ಲೆಕ್ಕ ತಲೆಗೆ ಹತ್ತುವುದಿಲ್ಲ. ಯಾವ ಬೆಲೆಯನ್ನೂ 75 ಕೆಜಿಯ ಭತ್ತದ ಚೀಲಕ್ಕೆ ಇಳಿಸಿಕೊಂಡ ಮೇಲೆಯೇ ಅವನಿಗೆ ಸಿಟ್ಟೋ ಸಮಾಧಾನವೋ ಬರುವುದು. ‘ಒಂಬತ್ತು ಚೀಲ ಭತ್ತ’ ಎಂದ. ಇನ್ನೊಮ್ಮೆ ಕಾರ್ಡು ನೋಡಿ, ‘ಒಂಬತ್ತು ಚೀಲ’ ಎಂದ. ಎದ್ದು ಗದ್ದೆಗೆ ಹೋದ.

ನನ್ನ ಲೆಕ್ಕ ಸರಳವಾಗಿತ್ತು. ಗೇಮಿನಲ್ಲಿ ಒಂದು ಕಾರ್ಡು ಸೆಕೆಂಡಿಗೆ ನಲವತ್ತು ಚಿತ್ರ ಬರೆದರೆ ಎರಡು ಎಂಬತ್ತು ಬರೆಯಬೇಕು. ಏಳನೇ ಇಯತ್ತೆಯ ಗಣಿತದಲ್ಲಿ ಒಬ್ಬ ಹತ್ತು ದಿನದಲ್ಲಿ ಕಟ್ಟುವ ಗೋಡೆಯನ್ನು ಇಬ್ಬರು ಐದು ದಿನದಲ್ಲಿ ಕಟ್ಟುತ್ತಿದ್ದರಲ್ಲ. ಆ ಗೋಡೆಯ ಮೇಲೆ ನಾನು ಪೂರ್ತಿ ಭಾರ ಹಾಕಿದ್ದೆ.

ಈ ಹುಚ್ಚು ನನ್ನಿಂದ ಶುರುವಾದದ್ದಲ್ಲ. 1998ರಲ್ಲಿ ಅಮೆರಿಕದ ತ್ರೀಡಿಎಫ್ಎಕ್ಸ್ ಕಂಪನಿ ವೂಡೂ 2 ಎಂಬ ಕಾರ್ಡು ತಂದಿತು. ಅಂಥ ಎರಡನ್ನು ಜೋಡಿಸಿದರೆ ಅವು ಪರದೆಯ ಸಾಲುಗಳನ್ನು ಹಂಚಿಕೊಳ್ಳುತ್ತಿದ್ದವು. ಬೆಸ ಸಾಲು ಒಂದರದು, ಸಮ ಸಾಲು ಇನ್ನೊಂದರದು. ನಮ್ಮ ಗದ್ದೆಗಳಲ್ಲಿ ಸಸಿ ಹಚ್ಚುವ ಹೆಣ್ಣುಮಕ್ಕಳು ಸಾಲು ಹಿಡಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಅವರು ಜತೆಗೆ ಊರ ಸುದ್ದಿಯನ್ನೂ ಹಂಚಿಕೊಳ್ಳುತ್ತಾರೆ, ಕಾರ್ಡುಗಳಿಗೆ ಆ ಭಾಗ್ಯವಿರಲಿಲ್ಲ. ಈ ಪದ್ಧತಿಗೆ ಎಸ್ಎಲ್ಐ ಎಂದು ಹೆಸರು: ಸ್ಕ್ಯಾನ್ ಲೈನ್ ಇಂಟರ್‌ಲೀವ್. ಕಂಪನಿ ಮುಳುಗಿತು. 2000ದ ಕೊನೆಗೆ ಅದರ ಆಸ್ತಿಯನ್ನು ಎನ್ವಿಡಿಯಾ ಕೊಳ್ಳಲು ಒಪ್ಪಿತು. 2004ರಲ್ಲಿ ಎನ್ವಿಡಿಯಾ ಅದೇ ಮೂರಕ್ಷರವನ್ನು ಮತ್ತೆ ತೂಗುಹಾಕಿತು, ಈ ಸಲ ಅರ್ಥ ಬೇರೆ: ಸ್ಕೇಲಬಲ್ ಲಿಂಕ್ ಇಂಟರ್‌ಫೇಸ್. ಮಾಲೀಕ ಬದಲಾದರೂ ಬೋರ್ಡು ಬದಲಾಗದ ಖಾನಾವಳಿ ಇದ್ದ ಹಾಗೆ. ಮರುವರ್ಷ ಎಟಿಐ ಕಂಪನಿ ಕ್ರಾಸ್‌ಫೈರ್ ಎಂಬುದನ್ನು ತಂದಿತು. ಮೊದಮೊದಲು ಅದರಲ್ಲಿ ಜೋಡಿಯ ಒಂದು ಕಾರ್ಡು ‘ಮಾಸ್ಟರ್’ ಆಗಿರಬೇಕಿತ್ತು, ಡಬ್ಬಿಯ ಹೊರಗಿನಿಂದ ದಪ್ಪನೆಯ ಕೇಬಲ್ಲೊಂದು ಎರಡಕ್ಕೂ ಗಂಟು ಹಾಕುತ್ತಿತ್ತು. ಮದುವೆಯಲ್ಲಿ ಶಲ್ಯಕ್ಕೂ ಸೆರಗಿಗೂ ಹಾಕುವ ಗಂಟೇ ನನಗೆ ನೆನಪಾಗುತ್ತದೆ.

ನನ್ನ ಜೋಡಿಗೂ ಗಂಟು ಬೇಕಿತ್ತು. ಎರಡು ಕಾರ್ಡುಗಳ ನೆತ್ತಿಯ ಮೇಲೆ ಕೂರಿಸುವ ಬೆರಳುದ್ದದ ಒಂದು ಪಟ್ಟಿ, ಅದಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಮಾರಿದವನು ಅದನ್ನು ಕೊಟ್ಟಿರಲಿಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ತರಿಸಿದೆ. ಕೊರಿಯರಿನವನ ಫೋನು ಬಂತು: ‘ಶ್ರೀರಾಮನಗರಕ್ಕ ಬರಂಗಿಲ್ರಿ, ಗಂಗಾವತಿಗೆ ಬಂದ್ ತಗೊಂಡ್ ಹೋಗ್ರಿ.’ ಬೆರಳುದ್ದದ ಸೇತುವೆಗಾಗಿ ಉರಿಬಿಸಿಲಿನಲ್ಲಿ ಬೈಕಿನ ಮೇಲೆ ಹೋಗಿಬಂದೆ.

ಸೇತುವೆ ಕೂತಿತು. ಗುಂಡಿ ಒತ್ತಿದೆ. ‘ಟಪ್’ ಎಂದಿತು, ನಿಂತಿತು. ಹಳೆಯ ಪವರ್ ಸಪ್ಲೈ ಇಬ್ಬರ ಹೊಟ್ಟೆ ತುಂಬಿಸಲಾರದೆ ಕೈಚೆಲ್ಲಿತ್ತು. ಮತ್ತೆ ಸಾಲ, ಮತ್ತೆ ಕೊರಿಯರು, ಮತ್ತೆ ಗಂಗಾವತಿ. ಹೊಸದರ ಮೈಮೇಲೆ ‘750 ವ್ಯಾಟ್’ ಎಂದು ದೊಡ್ಡದಾಗಿ ಬರೆದಿತ್ತು. ಮೋಟರು, ಸ್ಟಾರ್ಟರುಗಳ ಜತೆ ಆಯುಷ್ಯ ಕಳೆದ ಅಪ್ಪ ಅದನ್ನು ಓದಿ, ಕ್ಷಣ ಮನಸ್ಸಿನಲ್ಲೇ ಭಾಗಿಸಿ ಕೇಳಿದ:

‘ಒಂದ್ ಎಚ್‌ಪಿ ಮೋಟರ್ ಆತಲ್ಲೋ ಇದು. ನೀರರೆ ಎತ್ತತೈತೇನು?’

ಎತ್ತುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಕಡೆಗೊಂದು ರಾತ್ರಿ ಎರಡೂ ತಿರುಗಿದವು. ಪಕ್ಕದ ಮನೆಯ ಹುಡುಗ ನೋಡಲು ಬಂದಿದ್ದ. ಅವನ ಮುತ್ತಾತ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಕಾಲದಲ್ಲಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದವರ ಪೈಕಿ. ಈ ಹುಡುಗ ಕನ್ನಡದಲ್ಲಿ ಜಗಳ ಆಡುತ್ತಾನೆ, ಬುದ್ಧಿ ಹೇಳುವಾಗ ಮಾತ್ರ ತೆಲುಗಿಗೆ ತಿರುಗುತ್ತಾನೆ. ಡಬ್ಬಿಯೊಳಗೆ ಇಣುಕಿ, ‘ಒಕಟಿ ಚಾಲದಾ ಅನ್ನಾ?’ ಎಂದ. ಒಂದು ಸಾಲದೇ ಎಂದು.

‘ನೋಡ್ತಿರು’ ಎಂದೆ.

ಮೊದಲನೆಯ ಗೇಮು ಹಳೆಯದು. ನಲವತ್ತೈದು ಇದ್ದದ್ದು ಎಪ್ಪತ್ತೆಂಟಕ್ಕೆ ಜಿಗಿಯಿತು. ನಾನು ಮೀಸೆ ತಿರುವಿದೆ. ಎರಡನೆಯದರಲ್ಲಿ ಐವತ್ತು ಇದ್ದದ್ದು ಐವತ್ತೆರಡಾಯಿತು. ಮೀಸೆಯಿಂದ ಕೈ ತೆಗೆದೆ. ಮೂರನೆಯದು ಹೊಚ್ಚಹೊಸ ಗೇಮು. ಒಂದೇ ಕಾರ್ಡಿನಲ್ಲಿ ಅರವತ್ತು ಓಡುತ್ತಿದ್ದದ್ದು ಎರಡರಲ್ಲಿ ನಲವತ್ತೊಂದಕ್ಕೆ ಇಳಿಯಿತು, ಮೇಲೆ ನೆರಳುಗಳೆಲ್ಲ ಮಿಣಿಮಿಣಿ ಎನ್ನತೊಡಗಿದವು. ಹುಡುಗ ಏನೂ ಅನ್ನಲಿಲ್ಲ, ಶೇಂಗಾ ಸುಲಿಯುತ್ತ ಕೂತಿದ್ದ. ಎರಡನೆಯದನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿದೆ. ಆಟ ಬೆಣ್ಣೆಯ ಹಾಗೆ ಓಡಿತು. ಒಂಬತ್ತು ಚೀಲ ಭತ್ತವನ್ನು ಕೊಟ್ಟು, ಕಾರ್ಡನ್ನು ಆರಿಸಿಟ್ಟರೆ ಸಿಗುವ ಸುಖವನ್ನು ನಾನು ಕೊಂಡಿದ್ದೆ.

ಆಮೇಲೆ ಓದಿ ತಿಳಿದದ್ದು: ವೂಡೂ ಕಾಲದ ಸಾಲು ಹಂಚಿಕೆ ಯಾವತ್ತೋ ಬಿಟ್ಟುಹೋಗಿ, ಸರದಿ ಪದ್ಧತಿ ಬಂದಿತ್ತು. ಮೊದಲ ಚಿತ್ರ ಇವನು ಬರೆದರೆ ಎರಡನೆಯದು ಅವನು, ಮೂರನೆಯದು ಮತ್ತೆ ಇವನು. ಹಳೆಯ ಗೇಮುಗಳಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಅಂಥ ನಂಟಿರಲಿಲ್ಲ. ಹೊಸ ಗೇಮುಗಳು ಹಾಗಲ್ಲ. ಅಂಚುಗಳನ್ನು ನಯ ಮಾಡಲು, ಬೆಳಕು ಕೂರಿಸಲು ಅವು ಹಿಂದಿನ ಚಿತ್ರವನ್ನು ನೋಡಿಕೊಂಡು ಮುಂದಿನದನ್ನು ಬರೆಯುತ್ತವೆ. ಹಿಂದಿನ ಚಿತ್ರವೋ, ಪಕ್ಕದವನ ಮಡಿಲಲ್ಲಿ! ಕೇಳಿ, ತರಿಸಿ, ನೋಡಿ, ಆಮೇಲೆ ಬರೆಯಬೇಕು. ಸೆಕೆಂಡಿಗೆ ಅರವತ್ತು ಚಿತ್ರ ಬೇಕೆಂದರೆ ಒಂದಕ್ಕೆ ಸಿಗುವ ಸಮಯ ಹದಿನಾರು ಮಿಲಿಸೆಕೆಂಡು ಚಿಲ್ಲರೆ. ಇಸಕೊಂಡು ಬರುವುದರಲ್ಲೇ ಅದು ಮುಗಿಯುತ್ತದೆ. ಪ್ರತಿ ಗೇಮಿಗೂ ಈ ಸರದಿಯ ಕಟ್ಟಳೆಯನ್ನು ಕಾರ್ಡಿನ ಕಂಪನಿಯವರೇ ‘ಪ್ರೊಫೈಲ್’ ಎಂದು ಬರೆದು ಕಳಿಸಬೇಕಿತ್ತು. ಬರೆಯದ ಗೇಮಿನಲ್ಲಿ ಎರಡನೆಯ ಕಾರ್ಡು ಮಾವನ ಮನೆಗೆ ಬಂದ ಅಳಿಯನ ಹಾಗೆ ಫ್ಯಾನು ಹಾಕಿಸಿಕೊಂಡು ಸುಮ್ಮನೆ ಕೂರುತ್ತಿತ್ತು.

ಎಪ್ಪತ್ತೆಂಟು ಬಂದ ಆ ಮೊದಲ ಗೇಮಾದರೂ ಸುಖ ಕೊಟ್ಟಿತೇ? ಅಂಕಿ ದೊಡ್ಡದು, ಆದರೆ ಕಣ್ಣಿಗೆ ಏನೋ ತೊಡರಿದ ಹಾಗೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಇಂಗ್ಲಿಷ್ ಲೇಖನಗಳಿಗಿಂತ ಕಾರಟಗಿ ಬಸ್ಸು ಹೆಚ್ಚು ನೆರವಾಯಿತು. ಗಂಟೆಗೆ ಎರಡು ಬಸ್ಸು ಬಿಡುತ್ತೇವೆ ಎಂದು ಬಿಡುವವರು ಹೇಳಿದರೆ ಅದು ಸುಳ್ಳಲ್ಲ. ಎರಡೂ ಬರುತ್ತವೆ, ಒಂದರ ಬಾಲ ಹಿಡಿದು ಇನ್ನೊಂದು. ಆಮೇಲೆ ಐವತ್ತೈದು ನಿಮಿಷ ರಸ್ತೆಯ ಮೇಲೆ ಬರೀ ಭತ್ತದ ಲಾರಿ. ಕಾಯುವವನ ಪಾಲಿಗೆ ಅದು ಗಂಟೆಗೊಂದೇ ಬಸ್ಸು. ಎರಡು ಕಾರ್ಡಿನ ಚಿತ್ರಗಳೂ ಹೀಗೆ ಜೋಡಿ ಜೋಡಿಯಾಗಿ ಬಂದು ಬೀಳುತ್ತಿದ್ದವು. ಮೂಲೆಯ ಮೀಟರು ಬಸ್ಸುಗಳ ಸಂಖ್ಯೆ ಎಣಿಸುತ್ತಿತ್ತು, ನಡುವಿನ ಕಾಯುವಿಕೆಯನ್ನಲ್ಲ. 2013ರಲ್ಲಿ ಕೆಲವು ಪರೀಕ್ಷಕರು ಪ್ರತಿ ಚಿತ್ರದ ಅಂಚಿಗೆ ಬಣ್ಣದ ಪಟ್ಟಿ ಹಚ್ಚಿ ಅಳೆದಾಗ, ಕ್ರಾಸ್‌ಫೈರಿನ ಕೆಲವು ಚಿತ್ರಗಳು ಪರದೆಯ ಮೇಲೆ ಬರೀ ಕೆಲವೇ ಗೆರೆಯಷ್ಟು ಕಂಡು ಮಾಯವಾಗುತ್ತಿದ್ದದ್ದು ಬಯಲಾಯಿತು. ಲೆಕ್ಕಕ್ಕೆ ಮಾತ್ರ ಅವೂ ಪೂರಾ ಚಿತ್ರಗಳೇ. ಅಷ್ಟರಲ್ಲಿ ಎಟಿಐಯನ್ನು ಕೊಂಡಿದ್ದ ಎಎಂಡಿ ಆ ವರ್ಷವೇ ಅದಕ್ಕೆ ಮದ್ದಿನ ಡ್ರೈವರ್ ಬಿಟ್ಟಿತು.

ಮೆಮೊರಿಯ ಕಥೆ ಕೇಳಬೇಡಿ. ನಾಲ್ಕು ಜಿಬಿಯ ಎರಡು ಸೇರಿ ಎಂಟಾಗುತ್ತದೆಂದು ನಾನು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಎರಡರಲ್ಲೂ ಅದದೇ ಮಾಲು ತುಂಬಿಸಬೇಕು, ಆದ್ದರಿಂದ ನಾಲ್ಕು ನಾಲ್ಕೇ. ಅವಳಿ ಮಕ್ಕಳಿಗೆ ಎರಡು ಸೆಟ್ಟು ಪುಸ್ತಕ ತಂದರೆ ಪಾಠ ಎರಡು ಪಟ್ಟಾಗುತ್ತದೆಯೇ?

ಸುಗ್ಗಿ ಬಂತು. ನಮ್ಮ ಕಡೆ ಭತ್ತ ಕೊಯ್ಯುವ ಮಷಿನ್ನಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಮೋಡ ಕವಿದಿತ್ತು, ಬೇಗ ಮುಗಿಯಲೆಂದು ‘ಎರಡ್ ಮಷಿನ್ ಬಿಡೋಣೇನಪಾ?’ ಎಂದು ನಾನು ಕೇಳಿದೆ. ಹಳೆಯ ಚಾಳಿ. ಅಪ್ಪ ಬದುವಿನ ಮೇಲೆ ನಿಂತು ಕೈತೋರಿದ.

‘ಟ್ರ್ಯಾಲಿ ಎಷ್ಟ್ ಅದಾವು?’

‘ಒಂದು.’

‘ಒಂದ್ ಮಷಿನ್ ತುಂಬಿದ ಭತ್ತ ಇಳಿಸ್ಕೊಂಡು, ಆ ಟ್ರ್ಯಾಲಿ ಕಾಟಾಕ್ಕ ಹೋಗಿ ಬರೂತನಕ ಎರಡನೇದ್ ಏನ್ ಮಾಡ್ತೈತಿ? ನಿಂದರ್ತೈತಿ. ಮೀಟರ್ ಓಡ್ತೈತಿ.’

ಗಣಕಲೋಕದಲ್ಲಿ ಈ ಮಾತನ್ನು ಜೀನ್ ಆಮ್ಡಾಲ್ ಎಂಬಾತ 1967ರಲ್ಲಿ ಹೇಳಿದ್ದಾನೆ. ಹಂಚಲು ಬಾರದ ಕೆಲಸ ನೂರಕ್ಕೆ ಹತ್ತರಷ್ಟು ಉಳಿದುಬಿಟ್ಟರೆ, ಉಳಿದ ತೊಂಬತ್ತಕ್ಕೆ ನೀವು ಸಾವಿರ ಆಳು ಹಚ್ಚಿದರೂ ವೇಗ ಹತ್ತು ಪಟ್ಟು ಮುಟ್ಟುವುದಿಲ್ಲ ಎಂಬುದು ಅವನ ಸೂತ್ರದಿಂದ ಹೊರಡುವ ಲೆಕ್ಕ. ಅದಕ್ಕೆ ಆಮ್ಡಾಲನ ನಿಯಮ ಎನ್ನುತ್ತಾರೆ. ನಮ್ಮಪ್ಪನದಕ್ಕೆ ಹೆಸರಿಲ್ಲ. ನನ್ನ ಐವತ್ತು, ಐವತ್ತೆರಡಾಗಿ ನಿಂತದ್ದು ಯಾಕೆಂದು ಆ ಬದುವಿನ ಮೇಲೆ ಹೊಳೆಯಿತು. ನನ್ನ ಗಣಕದ ಪ್ರೊಸೆಸರು ಹಳೆಯದು, ಎರಡೂ ಕಾರ್ಡಿಗೆ ಕೆಲಸ ಒದಗಿಸಬೇಕಾದ ಒಂಟಿ ಟ್ರ್ಯಾಲಿ ಅದೇ. ಒಂಬತ್ತು ಚೀಲ ಕಾರ್ಡಿಗೆ ಸುರಿಯುವ ಮುಂಚೆ ‘ಟ್ರ್ಯಾಲಿ ಎಷ್ಟು’ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅಪ್ಪ ಕೇಳಿದ್ದು ‘ಮತ್ತ?’ ಎಂದಷ್ಟೇ, ಅದೂ ಇದೇ ಪ್ರಶ್ನೆಯಾಗಿತ್ತೇನೋ.

ನನ್ನ ಜೋಡಿಯಿಂದ ಮನೆಗೆ ಏನೂ ಉಪಯೋಗವಾಗಲಿಲ್ಲ ಎಂದರೆ ಮಾತ್ರ ತಪ್ಪಾಗುತ್ತದೆ. ಎರಡು ಕಾರ್ಡು ಮೇಲೊಂದು ಕೆಳಗೊಂದು ಕೂತಿದ್ದವು. ಕೆಳಗಿನದರ ಬಿಸಿಯುಸಿರನ್ನೇ ಮೇಲಿನದು ಎಳೆದುಕೊಳ್ಳಬೇಕು, ಎಂಬತ್ತೈದು ಡಿಗ್ರಿ ದಾಟುತ್ತಿತ್ತು. ಹೊರಗೆ ಕೊಪ್ಪಳ ಜಿಲ್ಲೆಯ ಏಪ್ರಿಲ್ಲು. ಡಬ್ಬಿಯ ಪಕ್ಕದ ಹಲಗೆ ಬಿಚ್ಚಿ ಟೇಬಲ್ ಫ್ಯಾನು ಇಟ್ಟೆ. ಒಂದು ದಿನ ಗಾಳಿಮಳೆ ಹಠಾತ್ತನೆ ಬಂತು. ರಸ್ತೆಯ ಮೇಲೆ ಭತ್ತ ಒಣಹಾಕಿದವರೆಲ್ಲ ತಾಡಪತ್ರಿ ಹಿಡಿದು ಓಡುತ್ತಿದ್ದರು. ಅವ್ವ ಮಾಳಿಗೆಯಿಂದ ಅರೆಬರೆ ಒಣಗಿದ ಅಕ್ಕಿ ಸಂಡಿಗೆಯ ಸೀರೆಯನ್ನು ಎದೆಗವಚಿಕೊಂಡು ಇಳಿದಳು, ಮನೆಯೆಲ್ಲ ನೋಡಿದಳು, ಕೊನೆಗೆ ನನ್ನ ಕಂಪ್ಯೂಟರಿನ ಹಿಂದೆ ಕೈಯೊಡ್ಡಿ ನಿಂತಳು. ಅವಳ ಮುಖ ಅರಳಿತು. ಆ ಸಂಜೆ ನಾನು ನಾಲ್ಕು ತಾಸು ಗೇಮು ಆಡಿದೆ, ಯಾರೂ ಬೈಯಲಿಲ್ಲ. ನಡುವೆ ಒಮ್ಮೆ ಊಟಕ್ಕೆ ಎದ್ದಾಗ ‘ಬಂದ್ ಮಾಡಬ್ಯಾಡೋ, ಇನ್ನಾ ಹಸಿ ಅದಾವು’ ಎಂದು ಅವ್ವನೇ ತಡೆದಳು.

ಕಂಪನಿಗಳೂ ಆ ಹೊತ್ತಿಗೆ ಕೈಬಿಡುತ್ತ ಬಂದಿದ್ದವು. 2016ರ ಎನ್ವಿಡಿಯಾ ಕಾರ್ಡುಗಳಿಂದ ಮೂರು, ನಾಲ್ಕರ ಮಾತು ಹೋಗಿ ಗೇಮಿಗೆ ಎರಡೇ ಎಂದಾಯಿತು. ಗೇಮಿಗೂ ಕಾರ್ಡಿಗೂ ನಡುವೆ ಮಾತು ದಾಟಿಸುವ ಡೈರೆಕ್ಟ್‌ಎಕ್ಸ್ 12 ಎಂಬ ತಂತ್ರಾಂಶ ಬಂದಾಗ, ಕೆಲಸ ಹಂಚುವ ಜವಾಬ್ದಾರಿಯನ್ನು ಗೇಮು ಬರೆಯುವವರಿಗೇ ದಾಟಿಸುವ ದಾರಿ ಸಿಕ್ಕಿತು. ಊರಿನ ಹಿರಿಯರು ‘ನೀವ ನೀವ ಬಗೆಹರಿಸ್ಕೊಳ್ರಿ’ ಎಂದು ಶಲ್ಯ ಕೊಡವಿ ಎದ್ದ ಹಾಗೆ. 2016ರ ಆಶಸ್ ಆಫ್ ದಿ ಸಿಂಗುಲಾರಿಟಿ ಎಂಬ ಗೇಮು ಎಎಂಡಿ, ಎನ್ವಿಡಿಯಾ ಎರಡರ ಕಾರ್ಡನ್ನೂ ಒಂದೇ ನೊಗಕ್ಕೆ ಹೂಡಿ ತೋರಿಸಿತು. ಆ ತಾಪತ್ರಯಕ್ಕೆ ಹೆಚ್ಚಿನವರು ಕೈಹಾಕಲಿಲ್ಲ. ಬ್ರಿಡ್ಜಿನ ಜಾಗ 2020ರ ಆರ್‌ಟಿಎಕ್ಸ್ 30 ಸಾಲಿನ ಗೇಮಿಂಗ್ ಕಾರ್ಡುಗಳಲ್ಲಿ 3090 ಒಂದಕ್ಕೆ ಮಾತ್ರ ಉಳಿಯಿತು, 2021ರ ಜನವರಿ 1ರಿಂದ ಹೊಸ ಪ್ರೊಫೈಲ್ ನಿಂತಿತು, 2022ರ 4090ಕ್ಕೆ ಆ ಜಾಗವೂ ಇಲ್ಲ.

ತಮಾಷೆ ಏನೆಂದರೆ, ಗೇಮಿನವರು ಬಿಟ್ಟದ್ದನ್ನು ಎಐ ಕಂಪನಿಗಳು ಹಿಡಿದುಕೊಂಡಿವೆ. ಇಂಥವೇ ಚಿಪ್ಪುಗಳನ್ನು ಸಾವಿರಗಟ್ಟಲೆ ಸಾಲಾಗಿ ನಿಲ್ಲಿಸಿ ಹಗಲಿರುಳು ದುಡಿಸುತ್ತಾರೆ. ಅಲ್ಲಿ ಕೆಲಸ ಚೀಲ ಚೀಲವಾಗಿ ಹಂಚಲು ಬರುತ್ತದೆ, ಟ್ರ್ಯಾಲಿಗೆಂದೇ ಕೋಟಿಗಟ್ಟಲೆ ಸುರಿಯುತ್ತಾರೆ, ಹದಿನಾರು ಮಿಲಿಸೆಕೆಂಡಿಗೊಮ್ಮೆ ಚಿತ್ರ ಬೇಕೆಂದು ಕಣ್ಣರಳಿಸಿಕೊಂಡು ಕೂತ ನನ್ನಂಥವನು ಇರುವುದಿಲ್ಲ.

ನಾನು 2020ರಲ್ಲಿ ಒಂದು ಹೊಸ ಕಾರ್ಡು ತಂದೆ. ಒಂದೇ. ಹಳೆಯ ಜೋಡಿಯಲ್ಲಿ ಒಂದನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆ, ಅವನು ಇನ್ನೊಂದನ್ನು ಕೇಳಲಿಲ್ಲ. ಎಸ್.ಪಿ. ರಸ್ತೆಯ ಆ ಎರಡನೆಯದು ಅದೇ ಟವೆಲಿನಲ್ಲಿ, ಅದೇ ಅಕ್ಕಿ ಚೀಲದಲ್ಲಿ, ಅಟ್ಟದ ಮೇಲೆ ಮಲಗಿದೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮುನಿರಾಬಾದ್ ದಿಕ್ಕಿನಿಂದ ಮೋಡ ಏಳುತ್ತಿತ್ತು. ಅವ್ವ ಏಣಿ ಹಚ್ಚಿ, ಅಟ್ಟದಿಂದ ಚೀಲ ಇಳಿಸಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದಳು. ಈ ಸಲ ಕೂಸನ್ನು ಹಿಡಿದ ಹಾಗೆ ಹಿಡಿದಿದ್ದಳು.

‘ಇದನ್ನೂ ಹಚ್ಚೋ ಯಪ್ಪಾ. ಒಂದರಾಗ ಸಂಡಿಗಿ ಒಣಗವಲ್ವು.’