ಮಿಸೆಸ್ ಎಕ್ಸ್, ವಯಸ್ಸು 45, ಬೆಡ್ ನಂಬರ್ 1

ನರ್ಸಿಂಗ್ ಕಾಲೇಜುಗಳ ತಪಾಸಣೆಯ ಕತೆಯನ್ನು ಈ ನಾಡಿನಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಹಿಂದಿನ ರಾತ್ರಿ ಬಾಡಿಗೆಗೆ ಬರುವ ಮಂಚಗಳು, ದಿನಗೂಲಿ ಕೊಟ್ಟು ಮಲಗಿಸಿದ ಒಳರೋಗಿಗಳು, ಬೆಳಿಗ್ಗೆ ಸಹಿ ಹಾಕಿ ಸಂಜೆಗೆ ಕಾಣೆಯಾಗುವ ಪ್ರೊಫೆಸರುಗಳು. ಅಡ್ಮಿಷನ್ ಕಾಲ ಬಂತೆಂದರೆ ಬಸ್‌ಸ್ಟ್ಯಾಂಡಿನ ಕಂಬಕಂಬಕ್ಕೂ ‘ನೂರಕ್ಕೆ ನೂರು ಉದ್ಯೋಗ’ ಎಂಬ ಪೋಸ್ಟರು. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದುವ ಮಕ್ಕಳು ನಿಜಕ್ಕೂ ಏನು ಕಲಿಯುತ್ತಾರೆ ಎಂದು ಪ್ರಾಂಶುಪಾಲರನ್ನು ಕೇಳಿದರೆ ಪ್ರಾಸ್ಪೆಕ್ಟಸ್ ಕೊಡುತ್ತಾರೆ, ಟ್ರಸ್ಟಿನ ಅಧ್ಯಕ್ಷರನ್ನು ಕೇಳಿದರೆ ಕಾಫಿ ಕೊಡುತ್ತಾರೆ. ಹಾಗಾಗಿ ಒಂದು ಕಾಲೇಜಿನ ಫೌಂಡೇಷನ್ ಲ್ಯಾಬಿಗೆ ನುಗ್ಗಿ, ಕಿಟಕಿ ಪಕ್ಕದ ಮಂಚದಲ್ಲಿ ಕುತ್ತಿಗೆವರೆಗೆ ಚಾದರ ಹೊದ್ದು ಮಲಗಿದ್ದ ಡಮ್ಮಿಯನ್ನೇ ಮಾತಾಡಿಸಿದೆ. ಕಾಲೇಜಿನ ಹೆಸರು ಬೇಡ. ಹೇಳಿದರೆ ಉಳಿದ ಕಾಲೇಜಿನವರಿಗೆ ಬೇಜಾರಾದೀತು.

ನಾನು: ನಮಸ್ಕಾರ ಅಮ್ಮಾ. ತಮ್ಮ ಹೆಸರು?

ಡಮ್ಮಿ: ಕೇಸ್ ಶೀಟಿನಲ್ಲಿ ಮಿಸೆಸ್ ಎಕ್ಸ್, ವಯಸ್ಸು 45. ಎಷ್ಟು ಬ್ಯಾಚು ಹೋದರೂ 45 ದಾಟಿಲ್ಲ. ಮಧ್ಯಾಹ್ನ ಕ್ಯಾಥೆಟರ್ ಕ್ಲಾಸ್ ಇದ್ದರೆ ಮಾತ್ರ ಮಿಸ್ಟರ್ ಎಕ್ಸ್. ಒಂದು ಭಾಗ ಬಿಚ್ಚಿ ಇನ್ನೊಂದು ಸಿಕ್ಕಿಸ್ತಾರೆ. ಅದರ ಬಗ್ಗೆ ಜಾಸ್ತಿ ಕೇಳಬೇಡಿ.

ನಾನು: ಮೂಲತಃ ಯಾವ ಊರು?

ಡಮ್ಮಿ: ನಾನು ಇಲ್ಲೇ ಹತ್ತಿರದ ಸಪ್ಲೈಯರ್ ಗೋಡೌನಿನವಳು. ಆದರೆ ವಂಶ ದೊಡ್ಡದು ಸ್ವಾಮಿ. ನಮ್ಮ ಮುತ್ತಜ್ಜಿ ಮಿಸೆಸ್ ಚೇಸ್, ಅಮೆರಿಕದವರು. ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಯವರು ಬೊಂಬೆ ಮಾಡೋ ಮಾರ್ಥಾ ಚೇಸ್ ಅವರಿಗೆ ಹೇಳಿ 1911ರಲ್ಲಿ ಮಾಡಿಸಿಕೊಂಡಿದ್ದು. ಅಜ್ಜಿ ರಿಸಸಿ ಆ್ಯನ್, 1960, ನಾರ್ವೆ. ಅವಳನ್ನ ಮಾಡಿದ ಆಸ್ಮಂಡ್ ಲೇರ್ಡಾಲ್ ಕೂಡ ಆಟಿಕೆ ಕಂಪನಿಯವನೇ. ಪ್ಯಾರಿಸ್ಸಿನ ನದಿಯಲ್ಲಿ ಸತ್ತು ಸಿಕ್ಕಿದಳು ಅಂತ ಕತೆ ಇರೋ ಯಾವಳೋ ಅನಾಮಿಕ ಹುಡುಗಿಯ ಮುಖವಾಡ ನೋಡಿ ಅವಳಿಗೆ ಮುಖ ಮಾಡಿದ. ಲೋಕವೆಲ್ಲ ಎದೆ ಒತ್ತಿ ಉಸಿರು ಕೊಡೋದು ಕಲಿತಿದ್ದು ಅವಳ ಮೇಲೆ. ನಮ್ಮ ಚನ್ನಪಟ್ಟಣದವರು ಮನಸ್ಸು ಮಾಡಲಿಲ್ಲ, ಇಲ್ಲದಿದ್ದರೆ ನಾನೂ ಅರಗಿನ ಬಣ್ಣದಲ್ಲಿ ಚೆನ್ನಾಗಿರ್ತಿದ್ದೆ. ಇಂಥ ಮನೆತನದವಳನ್ನ ಏನಂತ ಕರೀತಾರೆ? ಡಮ್ಮಿ.

ನಾನು: ಮಕ್ಕಳು ನಿಮ್ಮ ಹತ್ತಿರ ಏನೇನು ಕಲೀತಾರೆ?

ಡಮ್ಮಿ: ಮೊದಲು ಹಾಸಿಗೆ ಹಾಸೋದು. ಓಪನ್ ಬೆಡ್, ಕ್ಲೋಸ್ಡ್ ಬೆಡ್, ಆಪರೇಷನ್ ಆಗಿ ಬರೋರ ಬೆಡ್, ರೋಗಿ ಮಲಗಿರುವಾಗಲೇ ಚಾದರ ಬದಲಿಸೋ ಬೆಡ್. ಆಮೇಲೆ ಸ್ಪಾಂಜ್ ಬಾತ್, ಬಾಯಿ ಶುಚಿ ಮಾಡೋದು, ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸೋದು. ಇಂಜೆಕ್ಷನ್ನು ಮಾಂಸಕ್ಕಾದರೆ 90 ಡಿಗ್ರಿ, ಚರ್ಮದ ಕೆಳಗಾದರೆ 45. ಸಿಪಿಆರ್‌ಗೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ. ಇದೆಲ್ಲ ಲ್ಯಾಬಿನ ಬೀಗ ತೆಗೆದರೆ! ಬೀಗದ ಕೈ ಎಚ್‌ಒಡಿ ಮೇಡಂ ಡ್ರಾಯರಿನಲ್ಲಿರುತ್ತೆ. ‘ಡಮ್ಮಿ ಹಾಳಾದರೆ ಯಾರು ಕೊಡ್ತಾರೆ’ ಅಂತಾರೆ. ಕಲಿಯೋಕೆ ತಂದ ಬೊಂಬೆ ಕಲಿತರೆ ಹಾಳಾಗುತ್ತಂತೆ! ವರ್ಷಕ್ಕೆ ಒಂದೆರಡು ಸಲ ಡೆಮಾನ್ಸ್ಟ್ರೇಷನ್. ಅರವತ್ತು ಜನ ಸುತ್ತ ನಿಲ್ತಾರೆ. ಮುಂದಿನ ಹತ್ತು ಜನ ನನ್ನ ನೋಡಿ ಕಲೀತಾರೆ, ಉಳಿದ ಐವತ್ತು ಜನ ಮುಂದಿನವರ ತುರುಬು ನೋಡಿ ಕಲೀತಾರೆ.

ನಾನು: ಹಾಸ್ಟೆಲ್ ಊಟ ಹೇಗಿದೆಯಂತೆ? ದೂರುಗಳಿವೆ.

ಡಮ್ಮಿ: ನನಗೆ ಊಟ ಇಲ್ಲ. ತಪಾಸಣೆ ವಿಷಯಕ್ಕೆ ಬನ್ನಿ. ತಂಡ ಬರೋ ಹಿಂದಿನ ದಿನ ನನಗೆ ಅಭ್ಯಂಜನ. ಸ್ಪಿರಿಟ್ ಹಚ್ಚಿ ಉಜ್ಜಿ, ಪೌಡರ್ ಹಾಕಿ, ಹೊಸ ಚಾದರ ಹೊದಿಸ್ತಾರೆ. ತಂಡದವರು ಬಂದು ನನ್ನ ಕೈ ಎತ್ತಿ ಬಿಟ್ಟು ‘ಮ್ಯಾನಿಕಿನ್, ಒನ್’ ಅಂತ ಬರ್ಕೊಂಡು ಗೋಡಂಬಿ ತಿನ್ನೋಕೆ ಹೋಗ್ತಾರೆ. ಅವರು ಊಟಕ್ಕೆ ಕೂತರೆ ನನ್ನ ಓಮ್ನಿಗೆ ಹಾಕ್ತಾರೆ. ಅದೇ ಟ್ರಸ್ಟಿನ ಇನ್ನೊಂದು ಕಾಲೇಜು. ಅಲ್ಲೂ ಪೌಡರ್, ಅಲ್ಲೂ ‘ಮ್ಯಾನಿಕಿನ್, ಒನ್’. ಒಂದೇ ದಿನ ಮೂರು ಕಾಲೇಜಿನಲ್ಲಿ ಒಳರೋಗಿ ನಾನು. ಮೂರರಲ್ಲೂ ಬೆಡ್ ನಂಬರ್ 1.

ನಾನು: ಮಧ್ಯಪ್ರದೇಶದಲ್ಲಿ ಇದೇ ಥರದ ಕಾಲೇಜುಗಳನ್ನು ಪರಿಶೀಲಿಸಲು ಹೈಕೋರ್ಟು ಸಿಬಿಐಗೆ ಹೇಳಿತು. ‘ಎಲ್ಲ ಸರಿಯಿದೆ’ ಎಂದು ವರದಿ ಕೊಡಲು ಲಂಚ ತಗೊಂಡ ಆರೋಪದ ಮೇಲೆ 2024ರಲ್ಲಿ ಸಿಬಿಐ ತನ್ನದೇ ಅಧಿಕಾರಿಯನ್ನು ಬಂಧಿಸಿತು.

ಡಮ್ಮಿ: ನೋಡಿ! ಅವರನ್ನ ಯಾರಾದರೂ ಡಮ್ಮಿ ಅಂದ್ರಾ?

ನಾನು: ಇರಲಿ. ರೆಕಾರ್ಡ್ ಬುಕ್ ಬಗ್ಗೆ ಹೇಳಿ.

ಡಮ್ಮಿ: ಅದೇನು ಹೇಳೋದು?

ನಾನು: ಏನು ಹೇಳೋದು ಅಂದರೆ? ಪಿಯುಸಿ ಬಯಾಲಜಿಯಿಂದ ಬಿಎಡ್ ಪಾಠಯೋಜನೆಯವರೆಗೆ ಈ ದೇಶದ ವಿದ್ಯೆಯೆಲ್ಲ ರೆಕಾರ್ಡ್ ಬುಕ್ಕಿನಲ್ಲಿ ಹೂತುಹೋಗಿದೆ. ನರ್ಸಿಂಗಿನವರಂತೂ ಪ್ರೊಸೀಜರ್ ಬುಕ್, ಡ್ರಗ್ ಬುಕ್, ಕೇಸ್ ಸ್ಟಡಿ, ಕೇಸ್ ಪ್ರೆಸೆಂಟೇಷನ್, ಕೇರ್ ಪ್ಲ್ಯಾನ್ ಎಂದು ಹೊತ್ತುಕೊಂಡು ಓಡಾಡುತ್ತಾರೆ. ಹೆಲ್ತ್ ಟಾಕಿಗೆ ಚಾರ್ಟ್, ಫ್ಲ್ಯಾಶ್ ಕಾರ್ಡ್, ಫ್ಲಾನೆಲ್ ಗ್ರಾಫ್ ಬೇರೆ. ನೈಟ್ ಡ್ಯೂಟಿ ಮುಗಿಸಿ ಬಂದ ಹುಡುಗಿ ಮಲಗದೆ ಚಾರ್ಟಿನ ಅಂಚಿಗೆ ಬಳ್ಳಿ ಬಿಡಿಸುತ್ತಾಳೆ. ಬಳ್ಳಿ ಸರಿಯಿಲ್ಲದಿದ್ದರೆ ‘ರೀರೈಟ್’. ಅತಿಸಾರದ ಬಗ್ಗೆ ಅರಿವು ಮೂಡಿಸಲು ಬಳ್ಳಿ ಯಾಕೆ ಬೇಕು?

ಡಮ್ಮಿ: ಸ್ವಾಮಿ, ಸಂದರ್ಶನ ನಂದೋ ನಿಮ್ಮದೋ?

ನಾನು: ಕೇರ್ ಪ್ಲ್ಯಾನ್ ತಗೊಳ್ಳಿ. ಅಸೆಸ್‌ಮೆಂಟ್, ಡಯಾಗ್ನೋಸಿಸ್, ಗೋಲ್, ಇಂಟರ್ವೆನ್ಷನ್, ಇವ್ಯಾಲ್ಯುಯೇಷನ್. ಯೋಚನೆ ಒಳ್ಳೆಯದೇ. ರೋಗವನ್ನು ಡಾಕ್ಟರು ನೋಡುತ್ತಾರೆ, ರೋಗ ಹತ್ತಿದ ಮನುಷ್ಯನನ್ನು ನರ್ಸ್ ನೋಡಬೇಕು. ಹೇಗೆ ನೋಡಬೇಕು ಎನ್ನುವುದಕ್ಕೆ ಒಂದು ಕ್ರಮ. ಆದರೆ ಸೀನಿಯರ್ ಬುಕ್ಕಿನಿಂದ ಇಳಿಸಿಕೊಂಡರೆ ಏನಾಗುತ್ತೆ? ಗೋಲ್: ರೋಗಿಯ ಆತಂಕ ಕಡಿಮೆಯಾಗುವುದು. ಇವ್ಯಾಲ್ಯುಯೇಷನ್: ರೋಗಿಯ ಆತಂಕ ಕಡಿಮೆಯಾಯಿತು. ಆ ರೋಗಿ ಬೆಳಗಿನ ಜಾವವೇ ತೀರಿಹೋಗಿದ್ದರೂ ಬುಕ್ಕಿನಲ್ಲಿ ಅವನ ಆತಂಕ ಕಡಿಮೆಯಾಗಿರುತ್ತೆ, ಮೇಡಂ ಸಹಿಯೂ ಬಿದ್ದಿರುತ್ತೆ.

ಡಮ್ಮಿ: ಅದೂ ನಿಜ ಅನ್ನಿ. ಅವನ ಆತಂಕ ಪೂರ್ತಿ ಕಡಿಮೆಯಾಗಿತ್ತು. ಈಗ ನನ್ನ ಓಮ್ನಿ ವಿಷಯ...

ನಾನು: ಒಂದು ನಿಮಿಷ. 2021ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಠ್ಯಕ್ರಮ ಬದಲಿಸಿತು. ವರ್ಷದ ಪರೀಕ್ಷೆ ಹೋಗಿ ಎಂಟು ಸೆಮಿಸ್ಟರ್ ಬಂತು. ಅನಾಟಮಿ, ಸೋಷಿಯಾಲಜಿ, ಸೈಕಾಲಜಿ, ಫಾರ್ಮಕಾಲಜಿ, ಫೊರೆನ್ಸಿಕ್ ನರ್ಸಿಂಗ್, ರಿಸರ್ಚ್, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಇದೆ. ರೆಕಾರ್ಡ್ ಕಡಿಮೆಯಾಯಿತಾ?

ಡಮ್ಮಿ: ಮೊದಲು ವರ್ಷಕ್ಕೊಂದು ಸಲ ಹೊರೋರು, ಈಗ ಆರು ತಿಂಗಳಿಗೊಂದು ಸಲ ಹೊರ್ತಾರೆ.

ನಾನು: ಹಾಗಾದರೆ ನರ್ಸಿಂಗ್ ಕಲಿಯೋದು ಎಲ್ಲಿ?

(ಇಲ್ಲಿ ಡಮ್ಮಿ ಮೊದಲ ಸಲ ಓಮ್ನಿಯನ್ನು ಮರೆತಳು.)

ಡಮ್ಮಿ: ವಾರ್ಡಿನಲ್ಲಿ. ಇದನ್ನ ನಾನೇ ಹೇಳಬೇಕು, ಯಾಕೆಂದರೆ ನನ್ನ ಹತ್ತಿರ ಕಲಿಯೋಕೆ ಆಗದ್ದು ಯಾವುದು ಅಂತ ನನಗೇ ಚೆನ್ನಾಗಿ ಗೊತ್ತು. ನನ್ನ ಮಗ್ಗುಲಾಗಿಸೋದು ಸುಲಭ, ಒಂದೇ ಕೈಯಲ್ಲಿ ಆಗುತ್ತೆ. ಸ್ಟ್ರೋಕ್ ಹೊಡೆದ 80 ಕಿಲೋ ಗಂಡಸನ್ನ ಎರಡು ಗಂಟೆಗೊಮ್ಮೆ ಮಗ್ಗುಲಾಗಿಸಿ ನೋಡಿ. ಅವನಿಗೆ ಅರ್ಧ ಮೈ ಇಲ್ಲ, ಇರೋ ಅರ್ಧ ಮೈಯಲ್ಲಿ ಬಿದ್ದೇನು ಅನ್ನೋ ಭಯ; ಮಂಚದ ಕಂಬಿ ಹಿಡ್ಕೊಂಡು ಬಿಡಲ್ಲ. ಇಬ್ಬರು ಹುಡುಗಿಯರು, ಒಬ್ಬಳು ಭುಜಕ್ಕೆ ಒಬ್ಬಳು ಸೊಂಟಕ್ಕೆ ಕೈ ಕೊಟ್ಟು, ‘ಅಣ್ಣಾ, ನಾವಿದೀವಿ, ಬಿಡಿ’ ಅಂತಾರೆ. ಅವನು ಕಂಬಿ ಬಿಟ್ಟ ಅಂದರೆ ಅಲ್ಲಿಗೆ ಅರ್ಧ ನರ್ಸಿಂಗ್ ಬಂತು.

ಆಮೇಲೆ ಬೆನ್ನು ನೋಡಬೇಕು. ಬೆನ್ನಿನ ಕೆಳಗೆ, ಎರಡು ಕುಂಡೆ ಮಧ್ಯೆ ಮೂಳೆ ಉಬ್ಬಿರೋ ಜಾಗ. ಹಿಮ್ಮಡಿ. ಭುಜದ ಮೂಳೆ. ಕೆಂಪಗಿದ್ದರೆ ಬೆರಳಲ್ಲಿ ಒತ್ತಿ ಬಿಡಬೇಕು. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಕೆಂಪಾಗೇ ಉಳಿದರೆ ಬೆಡ್‌ಸೋರ್ ಶುರುವಾಗಿದೆ ಅಂತ ಅರ್ಥ, ಚರ್ಮ ಒಡೆಯೋ ಮುಂಚೆಯೇ. ಕಪ್ಪು ಚರ್ಮದವರಲ್ಲಿ ಕೆಂಪು ಕಾಣಲ್ಲ. ಆಗ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ ಅಂಗೈಯಲ್ಲಿ ಮುಟ್ಟಿ ತಿಳಿಬೇಕು. ನನ್ನ ಚರ್ಮ ಕೆಂಪಾಗಲ್ಲ. ಎಷ್ಟು ವರ್ಷ ಅಂಗಾತ ಬಿದ್ದರೂ ನನಗೆ ಹುಣ್ಣಾಗಲ್ಲ.

ನಾನು: ಇದನ್ನು ರೆಕಾರ್ಡಿನಲ್ಲಿ...

ಡಮ್ಮಿ: ರೆಕಾರ್ಡ್ ಸಾಕು ಮಾಡಿ! ನಿಮಗೊಂದು ರೆಕಾರ್ಡ್ ಬೇಕಾ? ತಗೊಳ್ಳಿ. ನಿಮ್ಮ ಹೊನ್ನಾವರದ ಕಡೆ ಹಳದೀಪುರದ ಹುಡುಗಿ ಅರುಣಾ ಶಾನಭಾಗ. ಮುಂಬೈ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರ ರಾತ್ರಿ ಅದೇ ಆಸ್ಪತ್ರೆಯೊಳಗೆ, ಅಲ್ಲಿನ ನೌಕರನೇ ನಾಯಿ ಸರಪಳಿಯಲ್ಲಿ ಅವಳ ಕುತ್ತಿಗೆ ಬಿಗಿದ. ಅವಳು ಮತ್ತೆ ಎದ್ದೇಳಲಿಲ್ಲ. ಅವನಿಗೆ ಏಳು ವರ್ಷ ಶಿಕ್ಷೆ, ಅದೂ ಹಲ್ಲೆಗೆ, ದರೋಡೆಗೆ. ಅವಳು ಹಾಸಿಗೆಯಲ್ಲಿದ್ದದ್ದು 2015ರ ಮೇ 18ರವರೆಗೆ. ಆ ಆಸ್ಪತ್ರೆಯ ನರ್ಸುಗಳು, ಅವಳ ಜೊತೆಯವರು ರಿಟೈರಾಗಿ ಅವರ ಜಾಗಕ್ಕೆ ಬಂದವರು, ಅವರ ನಂತರ ಬಂದವರು, ಅವಳನ್ನ ನೋಡಿಕೊಂಡರು. ಸುಪ್ರೀಂ ಕೋರ್ಟಿನ 2011ರ ತೀರ್ಪಿನಲ್ಲಿ ಬರೆದಿದೆ: 38 ವರ್ಷದಲ್ಲಿ ಅವಳಿಗೆ ಒಂದೇ ಒಂದು ಬೆಡ್‌ಸೋರ್ ಆಗಿಲ್ಲ ಅಂತ. ಎಷ್ಟು ಸಲ ಮಗ್ಗುಲಾಗಿಸಿರಬೇಕು ಲೆಕ್ಕ ಹಾಕಿ. ಎಷ್ಟು ಜನ, ಎಷ್ಟು ರಾತ್ರಿ.

ನಾನು ಪೆನ್ನು ಕೆಳಗಿಟ್ಟೆ. ಸಂದರ್ಶನದ ನಿಯಮ ಮುರಿದು ನನ್ನದೇ ಎರಡು ಮಾತು ಹೇಳುತ್ತೇನೆ, ಇದರಲ್ಲಿ ತಮಾಷೆ ಹುಡುಕಬೇಡಿ. ಈ ಕಲಿಕೆಗೆ ನಾವು ಕಟ್ಟುವ ಬೆಲೆ ಏನು? ಕೊನೆಯ ಸೆಮಿಸ್ಟರಿನಲ್ಲಿ 22 ವಾರ ಇಂಟರ್ನ್‌ಶಿಪ್, ವಾರಕ್ಕೆ 48 ಗಂಟೆ. ಎಂಬಿಬಿಎಸ್ ಇಂಟರ್ನಿಗೆ ಸ್ಟೈಪೆಂಡ್ ಎಂಬುದೊಂದಿದೆ. ಖಾಸಗಿ ಕಾಲೇಜಿನ ನರ್ಸಿಂಗ್ ಹುಡುಗಿ ಆ 22 ವಾರಕ್ಕೂ ಫೀಸು ಕಟ್ಟಿ ದುಡಿಯುತ್ತಾಳೆ. ಸ್ಟಾಫ್ ಇಲ್ಲದ ವಾರ್ಡಿಗೆ ವಿದ್ಯಾರ್ಥಿಗಳನ್ನು ತುಂಬಿ ‘ಪೋಸ್ಟಿಂಗ್’ ಎನ್ನುತ್ತಾರೆ. ಎಷ್ಟೋ ಕಡೆ ಹತ್ತನೇ ಕ್ಲಾಸಿನ ಅಂಕಪಟ್ಟಿಯಿಂದ ಹಿಡಿದು ಎಲ್ಲ ಒರಿಜಿನಲ್ಲುಗಳೂ ಆಫೀಸಿನ ಬೀರುವಿನಲ್ಲಿ ಒತ್ತೆ. ಬಿಟ್ಟುಹೋಗಬೇಕೆಂದರೆ ಉಳಿದ ವರ್ಷಗಳ ಫೀಸು ಎಣಿಸಿ ಹೋಗಬೇಕು. ಓದು ಮುಗಿದ ಮೇಲೆ? ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದ್ದರಿಂದ ಕೇಂದ್ರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿರಬಾರದು, 200 ದಾಟಿದರೆ ಸರ್ಕಾರಿ ನರ್ಸಿನ ಸಮ ಕೊಡಬೇಕು ಎಂದು ಆ ಸಮಿತಿ ಹೇಳಿತು. ನಿಮ್ಮ ಬೀದಿಯ ನರ್ಸಿಂಗ್ ಹೋಮಿಗೆ ಹೋಗಿ ಡ್ರಿಪ್ ಹಾಕುವ ಸಿಸ್ಟರನ್ನು, ಬ್ರದರನ್ನು ಮೆಲ್ಲಗೆ ಕೇಳಿ ನೋಡಿ, ಎಷ್ಟು ಕೊಡುತ್ತಾರೆ ಎಂದು. ಅವರು ಮೊದಲು ಬಾಗಿಲ ಕಡೆ ನೋಡುತ್ತಾರೆ. ಜರ್ಮನ್ ಕ್ಲಾಸಿಗೆ ಯಾಕೆ ಸೇರಿದ್ದಾರೆ ಎಂದು ಆಮೇಲೆ ಕೇಳಬೇಕಾಗಿಲ್ಲ. ಕೋವಿಡ್ಡಿನಲ್ಲಿ ಇವರಿಗಾಗಿ ತಟ್ಟೆ ಬಡಿದೆವು. ತಟ್ಟೆಯೊಳಗೆ ಏನಾದರೂ ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಡಮ್ಮಿ: ಮುಗೀತಾ ಭಾಷಣ?

ನಾನು: ಮುಗೀತು.

ಡಮ್ಮಿ: ಮೇ 12ಕ್ಕೆ ಬನ್ನಿ, ನೈಟಿಂಗೇಲ್ ಹುಟ್ಟಿದ ದಿನ. ಅವತ್ತು ಎಲ್ಲರೂ ಹೀಗೇ ಮಾತಾಡ್ತಾರೆ. ಮೇಣದಬತ್ತಿ ಹಿಡ್ಕೊಂಡು ಪ್ರತಿಜ್ಞೆ ಮಾಡಿಸ್ತಾರೆ. ಮಂತ್ರಿಗಳ ಕಡೆಯವರು ಬಂದು ‘ತಾಯಿಯ ಪ್ರತಿರೂಪ’ ಅಂತಾರೆ. ತಾಯಿ ಅಂದುಬಿಟ್ಟರೆ ಸಂಬಳದ ಮಾತು ಬರಲ್ಲ ನೋಡಿ.

ನಾನು: ಕೊನೆಯ ಪ್ರಶ್ನೆ. ಆ ದೀಪದ ಕಾರ್ಯಕ್ರಮಕ್ಕೂ ರೆಕಾರ್ಡ್ ಬರೆಸುತ್ತಾರಾ?

ಉತ್ತರ ಸಿಗಲಿಲ್ಲ. ಅಟೆಂಡರ್ ಇಬ್ಬರು ಬಂದು, ನನ್ನನ್ನು ತಪಾಸಣೆಯವನೆಂದು ತಿಳಿದು ಕೈಮುಗಿದು, ಚಾದರ ಸಮೇತ ಡಮ್ಮಿಯನ್ನು ಎತ್ತಿದರು. ಇನ್ನೊಂದು ಕಾಲೇಜಿಗೆ ತಂಡ ಆಗಲೇ ತಲುಪಿದೆಯಂತೆ, ಉಪ್ಪಿಟ್ಟು ತಿನ್ನುತ್ತಿದ್ದಾರಂತೆ. ಓಮ್ನಿಯ ಬಾಗಿಲು ಹಾಕುವಾಗ ಒಳಗಿಂದ ಕೂಗು ಕೇಳಿಸಿತು:

“ರೀ, ಎಡಗಾಲು ಮಂಚದ ಮೇಲೇ ಉಳೀತು! ಅಲ್ಲಿನವರು ಆಂಪ್ಯುಟೇಷನ್ ಕೇಸ್ ಅಂತ ಬರ್ಕೊಂಡರೆ ನಾನು ಜವಾಬ್ದಾರಳಲ್ಲ!”