ಬ್ರೀಡಪ್ಪನವರ ಶ್ವಾನಪರ್ವ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬ ಬ್ರೀಡಪ್ಪನವರು ಸಿಕ್ಕೇ ಸಿಗುತ್ತಾರೆ. ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಈಗ ಅವರಿಗೆ ಬರವಿಲ್ಲ. ಅಪ್ಪ-ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಎದುರಿಗೆ ಬಂದ ನಾಯಿಯನ್ನೆಲ್ಲ ತಡೆದು ನಿಲ್ಲಿಸಿ ‘ಯಾವ ಬ್ರೀಡು ಸಾರ್? ಎಷ್ಟು ಕೊಟ್ರಿ?’ ಎಂದು ಕೇಳುವ ಚಾಳಿಯಿಂದಾಗಿ ಬೀದಿಯವರು ಈ ಹೆಸರು ದಯಪಾಲಿಸಿದ್ದಾರೆ. ಕೇಳಿಸಿಕೊಳ್ಳುವವರಿಗೆ ಅವು ಎರಡು ಪ್ರಶ್ನೆ, ಬ್ರೀಡಪ್ಪನವರಿಗೆ ಒಂದೇ.

ಅವರ ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕವಿದೆ. ಅಕ್ಷರದ ಕೆಳಗೆ ಕೆಂಪು ನಾಲಿಗೆ ಚಾಚಿದ ಅಲ್ಸೇಷಿಯನ್ ಚಿತ್ರ. ಒಳಗಿರುವುದು ಬೆಲ್ಲಾ ಎಂಬ ಲ್ಯಾಬ್ರಡಾರ್. ಕೊರಿಯರ್ ಹುಡುಗನನ್ನು ಕಂಡರೆ ಸಂತೋಷಕ್ಕೆ ಬಾಲ ಬೀಸಿ ತುಳಸಿ ಕುಂಡವನ್ನೇ ಉರುಳಿಸುತ್ತದೆ. ಹುಡುಗ ಆಚೆ ನಿಂತು ‘ಸಾರ್, ಕಚ್ಚುತ್ತಾ?’ ಎಂದರೆ ‘ಏನೂ ಮಾಡಲ್ಲ, ಬನ್ನಿ ಬನ್ನಿ’ ಎನ್ನುತ್ತಾರೆ. ಪಕ್ಕದ ಮನೆಯವರು ಗೇಟಿಗೆ ಅಡ್ಡ ಕಾರು ನಿಲ್ಲಿಸಿದ ದಿನ ಮಾತ್ರ ‘ಹುಷಾರು, ಬಿಟ್ರೆ ಸೀಳಿಬಿಡುತ್ತೆ’ ಎನ್ನುತ್ತಾರೆ. ನಾಯಿ ಅದೇ.

ಮನೆಯಲ್ಲಿ ಮಕ್ಕಳನ್ನು ಕನ್ನಡದಲ್ಲಿ ಬಯ್ದೇ ದೊಡ್ಡವರನ್ನಾಗಿ ಮಾಡಿದ ಬ್ರೀಡಪ್ಪನವರು ನಾಯಿಯ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ. ‘ಸಿಟ್ ಬೆಲ್ಲಾ, ಸಿಟ್! ನೋ! ಬ್ಯಾಡ್ ಗರ್ಲ್!’ ಟೀ ಅಂಗಡಿಯ ಮುಂದೆ ಬಿದ್ದುಕೊಂಡಿರುವ ಬೀದಿನಾಯಿ ಕರಿಯ ಹತ್ತಿರ ಬಂದರೆ ಮಾತ್ರ ‘ಹಚಾ!’ ಇಂಗ್ಲಿಷಿಗೆ ಬೆಲ್ಲಾ ಕೂರುವುದಿಲ್ಲ. ಮನೆಯಾಕೆ ಅಡುಗೆಮನೆಯಿಂದ ‘ಬಾರೇ, ಮೊಸರನ್ನ’ ಎಂದರೆ ಓಡಿಬಂದು, ಯಾರೂ ಹೇಳದೆಯೇ, ತಟ್ಟೆಯ ಮುಂದೆ ಕೂರುತ್ತದೆ.

ಬೆಲ್ಲಾಳ ಹೊಟ್ಟೆಬಾಕತನಕ್ಕೆ ವಿಜ್ಞಾನದ ಸಮರ್ಥನೆಯೂ ಇದೆ ಅನ್ನಿ. ಕೇಂಬ್ರಿಡ್ಜಿನ ಸಂಶೋಧಕರು 2016ರಲ್ಲಿ ಪತ್ತೆ ಮಾಡಿದಂತೆ, ಹೆಚ್ಚುಕಡಿಮೆ ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಹಸಿವು ತಣಿಸುವ ಜೀನಿನಲ್ಲೇ ಒಂದು ಚೂರು ಕಳೆದುಹೋಗಿರುತ್ತದೆ. ಉಂಡದ್ದು ಸಾಕು ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಈ ನಾಯಿಗಳ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ಹಿಮದಂಥ ನೀರಿಗೆ ಧುಮುಕಿ ದುಡಿದವರು. ತಿಂದದ್ದು ಅಲ್ಲೇ ಕರಗುತ್ತಿತ್ತು. ಬೆಲ್ಲಾ ದುಡಿಯುವುದು ಗೇಟಿನಿಂದ ಸೋಫಾದವರೆಗೆ. ಬ್ರೀಡಪ್ಪನವರು ಮಾರಿ ಬಿಸ್ಕತ್ತು ಹಾಕುತ್ತಾ, ಪಕ್ಕೆಲುಬು ಕೈಗೆ ಸಿಗದ ಆ ಬೆನ್ನು ತಟ್ಟಿ, ‘ಫುಲ್ ಹೆಲ್ತಿ’ ಎನ್ನುತ್ತಾರೆ.

ಅವರ ಆತ್ಮಕಥೆಯನ್ನು ನಾಯಿಗಳ ಲೆಕ್ಕದಲ್ಲೇ ಬರೆಯಬಹುದು. ಬಾಲ್ಯದಲ್ಲಿ ಅಪ್ಪ ಸಾಕಿದ್ದು ಅಲ್ಸೇಷಿಯನ್. ಜರ್ಮನಿಯಲ್ಲಿ 1899ರಲ್ಲಿ ಕುರಿ ಕಾಯಲೆಂದು ರೂಪುಗೊಂಡ ಈ ತಳಿಗೆ ಮೊದಲ ಮಹಾಯುದ್ಧದ ಸಿಟ್ಟಿನಲ್ಲಿ ಬ್ರಿಟಿಷರು ಇಟ್ಟ ಹೆಸರು ಅದು. ಆಮೇಲೆ 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾ ಬಂತು. ಅದರಲ್ಲಿ ಕ್ರಿಕೆಟ್ಟಿಗೆ ಅಂಪೈರ್ ಆದ ಬಿಳಿಯ ನಾಯಿ ಟಫಿಯನ್ನು ನೋಡಿ ಬ್ರೀಡಪ್ಪನವರು ‘ಪಾಮೇರಿಯನ್’ ತಂದರು. ಟಫಿಯೂ ಪಾಮೇರಿಯನ್ ಅಲ್ಲ, ಇವರು ತಂದದ್ದೂ ಅಲ್ಲ; ಎರಡೂ ನಮ್ಮ ಸೆಕೆಗೆ ಒಗ್ಗಿಕೊಂಡ ಇಂಡಿಯನ್ ಸ್ಪಿಟ್ಸ್. ಹದಿನಾಲ್ಕು ವರ್ಷ ಬಾಳಿದ ಅದನ್ನು ಅವರು ಕೊನೆಯವರೆಗೂ ಪಾಮೇರಿಯನ್ ಎಂದೇ ಪರಿಚಯಿಸಿದರು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಂದು ಪಗ್ ಹುಡುಗನ ಹಿಂದೆ ಹಿಂದೆ ಓಡಿತು. ದೇಶದ ಬ್ರೀಡಪ್ಪನವರೆಲ್ಲ ಪಗ್ಗಿನ ಹಿಂದೆ ಓಡಿದರು. ಇವರಿಗಂತೂ ಸ್ಪಿಟ್ಸ್ ಇರುವಾಗಲೇ ಇನ್ನೊಂದು ಬೇಕಾಯಿತು. ಟೀವಿಯಲ್ಲಿ ಅಷ್ಟೆಲ್ಲ ಓಡಿದ ಆ ಜಾತಿಯ ನಾಯಿ ಇವರ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಮೆಟ್ಟಿಲು ಹತ್ತುವಷ್ಟರಲ್ಲಿ ಗೊರಗೊರ ಎನ್ನುತ್ತಿತ್ತು. ‘ಕ್ಯೂಟಾಗಿ ಗೊರಕೆ ಹೊಡೆಯುತ್ತೆ ನೋಡಿ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಮುಖ ಚಪ್ಪಟೆಯಾಗಲೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದರಿಂದ ಆ ಮೂಗಿನೊಳಗೆ ಗಾಳಿ ಹೋಗಲು ದಾರಿಯೇ ಇರಲಿಲ್ಲ. ಆ ಗೊರಕೆ ಉಸಿರಿಗಾಗಿ ಪಡುತ್ತಿದ್ದ ಪಾಡು.

2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಮುಧೋಳ ನಾಯಿಯನ್ನು ಹೊಗಳಿದ್ದೇ ತಡ, ಬ್ರೀಡಪ್ಪನವರಲ್ಲಿ ಸ್ವದೇಶಿ ಅಭಿಮಾನ ಉಕ್ಕಿತು. ಕವಿ ರನ್ನನ ಊರಿನ ಈ ನಾಯಿಗೆ ಅದಕ್ಕೂ ಮುಂಚೆಯೇ ಸಾಕಷ್ಟು ಮರ್ಯಾದೆ ಸಂದಿತ್ತು. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಇದರ ಮರಿಗಳನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟಿದ್ದರು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಷ್ಟನ್ನೂ ಬ್ರೀಡಪ್ಪನವರು ಬಾಯಿಪಾಠ ಹೇಳುತ್ತಿದ್ದರು. ಅದು ದೂರದ ಮೊಲವನ್ನು ಕಣ್ಣಿನಲ್ಲೇ ಹಿಡಿದು ಬಾಣದಂತೆ ಹೋಗುವ ಬೇಟೆನಾಯಿ ಎಂಬುದೊಂದನ್ನು ಮಾತ್ರ ಅವರು 30x40 ಸೈಟಿನಲ್ಲಿ ಕುಳಿತು ಯೋಚಿಸಿರಲಿಲ್ಲ. ತೆಳ್ಳಗಿನ ಸೊಂಟ, ಎದ್ದು ಕಾಣುವ ಪಕ್ಕೆಲುಬು ಅದರ ಲಕ್ಷಣ. ಬೀದಿಯವರಿಗೆ ಅದೆಲ್ಲಿ ಗೊತ್ತು? ‘ಯಾಕ್ ಸಾರ್, ಊಟ ಹಾಕಲ್ವಾ?’ ಎಂದು ಹಾಲಿನವನಿಂದ ಹಿಡಿದು ಅಸೋಸಿಯೇಷನ್ ಕಾರ್ಯದರ್ಶಿಯವರೆಗೆ ಎಲ್ಲರೂ ಕೇಳಿದರು. ಮಾನ ಉಳಿಸಿಕೊಳ್ಳಲು ಬ್ರೀಡಪ್ಪನವರು ದಿನಕ್ಕೆ ಮೂರು ಹೊತ್ತು ಅನ್ನ ಸುರಿದರು. ನಾಯಿ ದಪ್ಪಗಾಗಲಿಲ್ಲ. ಒಂದು ಸಂಜೆ ಕಾಂಪೌಂಡಿನಾಚೆ ಬೆಕ್ಕು ಕಂಡಿತು, ನಾಯಿ ಇಲ್ಲಿಂದ ಮಾಯವಾಗಿ ಮೂರು ಬೀದಿಯಾಚೆ ಪತ್ತೆಯಾಯಿತು. ಈಗ ಜಮಖಂಡಿ ಕಡೆಯ ಸ್ನೇಹಿತರೊಬ್ಬರ ತೋಟದಲ್ಲಿ ಜೋಳದ ನುಚ್ಚು, ಹಾಲು ಕುಡಿದುಕೊಂಡು ಸುಖವಾಗಿದೆ.

ಬ್ರೀಡಪ್ಪನವರಿಗೆ ಶಿಷ್ಯರೂ ಇದ್ದಾರೆ. ಸಾಫ್ಟ್‌ವೇರ್ ಹುಡುಗನೊಬ್ಬ ಎರಡು ಕೋಣೆಯ ಫ್ಲ್ಯಾಟಿಗೆ ಇವರ ಸಲಹೆಯಂತೆ ಸೈಬೀರಿಯನ್ ಹಸ್ಕಿ ತಂದ. ಸೈಬೀರಿಯಾದ ಚುಕ್ಚಿ ಜನ ಹಿಮಗಾಡಿ ಎಳೆಸಲು ಬೆಳೆಸಿದ ನಾಯಿ ಅದು. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಗಂಟಲಮಾರಿ ತಗುಲಿದಾಗ, 20 ಮಂದಿ ಗಾಡಿಯವರು ಇಂಥ ನಾಯಿಗಳನ್ನು ಕಟ್ಟಿಕೊಂಡು ಸರದಿಯ ಮೇಲೆ ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟ ಹಿಮದ ದಾರಿಯಲ್ಲಿ ಔಷಧ ಸಾಗಿಸಿದ್ದರು. ಆ ವಂಶದ ಕುಡಿ ಇಲ್ಲಿ ಲಿಫ್ಟಿಗೆ ಕಾಯುತ್ತಾ ನಿಂತಿರುತ್ತದೆ. ಬೊಗಳುವುದು ಕಡಿಮೆ, ರಾತ್ರಿ ಹನ್ನೊಂದಕ್ಕೆ ಊಳಿಡುತ್ತದೆ. ಬೇಸಿಗೆಯಲ್ಲಿ ಪಾಪ ಎಂದು ಗುರುಗಳ ಅಪ್ಪಣೆಯಂತೆ ಕೂದಲು ಬೋಳಿಸಿದರು. ಎರಡು ಪದರದ ಆ ತುಪ್ಪಳ ಚಳಿಯನ್ನಷ್ಟೇ ಅಲ್ಲ, ಬಿಸಿಲನ್ನೂ ತಡೆಯುತ್ತದೆ ಎಂಬುದು ಚರ್ಮ ಕೆಂಪಾದ ಮೇಲೆ ಗೊತ್ತಾಯಿತು. ಈಗ ಎ.ಸಿ. ಹಗಲೂ ರಾತ್ರಿ ಓಡುತ್ತಿದೆ, ಕರೆಂಟ್ ಬಿಲ್ಲೂ ಓಡುತ್ತಿದೆ.

ಅಪಾರ್ಟ್‌ಮೆಂಟಿನವರು ಊಳಿಗೆ ಬೇಸತ್ತು ಸಭೆ ಕರೆದಾಗ ಶಿಷ್ಯನ ವಕಾಲತ್ತು ವಹಿಸಿದವರೂ ಬ್ರೀಡಪ್ಪನವರೇ. ಬಹುಮತವಿದ್ದರೂ ಸಾಕುನಾಯಿಯನ್ನು ಸಂಘದವರು ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ಅವರು ಮೊಬೈಲಿನಲ್ಲಿ ತೆರೆದು, ಕನ್ನಡಕ ಏರಿಸಿ ಓದಿದರು. ನಾಯಿ ಮಾಡಿದ್ದನ್ನು ಸಾಕಿದವರೇ ಎತ್ತಿ ಹಾಕಬೇಕೆಂದು ಅದೇ ಮಾರ್ಗಸೂಚಿ ತಿಳಿಹೇಳುತ್ತದೆ. ಆ ಸಾಲು ಬಂದಾಗ ಅವರಿಗೆ ಕೆಮ್ಮು ಬಂತು.

ಇನ್ನು ಬೆಲ್ಲಾ ಮನೆಗೆ ಬಂದ ಕಥೆ. 2022ರ ಜೂನಿನಲ್ಲಿ ‘777 ಚಾರ್ಲಿ’ ಬಿಡುಗಡೆಯಾಯಿತು. ಬ್ರೀಡಪ್ಪನವರು ಸಂಸಾರ ಸಮೇತ ನೋಡಿ, ಕರ್ಚೀಫು ಹಿಂಡುವಷ್ಟು ಅತ್ತರು. ಲಾಭಕ್ಕಾಗಿ ರಕ್ತಸಂಬಂಧದಲ್ಲೇ ಮರಿ ಹಾಕಿಸುವವರ ದೆಸೆಯಿಂದ ನಾಯಿಗಳು ಎಂಥ ಕಾಯಿಲೆ ಹೊತ್ತು ಹುಟ್ಟುತ್ತವೆ ಎಂಬುದೇ ಆ ಚಿತ್ರದ ಒಡಲ ಮಾತು. ಅತ್ತು ಹೊರಬಂದವರು ಪಾರ್ಕಿಂಗಿನಲ್ಲೇ ನಿಂತು ಯಾರಿಗೋ ಫೋನು ಮಾಡಿದರು: ‘ಲ್ಯಾಬ್ ಮರಿ ಇದೆಯಾ? ಪೇಪರ್ ಬೇಡ, ಪೇಪರ್ ಇಲ್ಲದ್ದೇ ಕೊಡಿ, ರೇಟು ನೋಡ್ಕೊಂಡು ಹಾಕಿ.’

ಮರಿಯ ಹಸ್ತಾಂತರ ಆದದ್ದು ತುಮಕೂರು ರಸ್ತೆಯ ಒಂದು ಪೆಟ್ರೋಲ್ ಬಂಕಿನಲ್ಲಿ. ಬಾಳೆಹಣ್ಣಿನ ರಟ್ಟಿನ ಡಬ್ಬದೊಳಗೆ ಎರಡು ಮರಿ, ಕೆಳಗೆ ಹಳೇ ಪೇಪರು, ಅದರ ಮೇಲೆ ಹಾಲು ಚೆಲ್ಲಿದ ಕಲೆ. ಮೂಗು ಇನ್ನೂ ಪೂರ್ತಿ ಕಪ್ಪಾಗಿಲ್ಲ, ನಡೆದರೆ ಹಿಂಗಾಲು ಸೋಲುತ್ತದೆ. ‘ತಾಯಿ ಎಲ್ಲಪ್ಪಾ?’ ಎಂದು ಕೇಳಿದ್ದು ಮನೆಯಾಕೆ. ‘ಊರಲ್ಲಿದೆ ಅಕ್ಕ, ಚಾಂಪಿಯನ್ ಲೈನು.’ ‘ಎಷ್ಟು ದಿನದ್ದು?’ ‘ನಲವತ್ತೈದು ಆಗಿದೆ ಅಕ್ಕ.’ ಮೂವತ್ತೂ ಆಗಿರಲಿಲ್ಲ ಎಂದು ಮರುದಿನ ಹಲ್ಲು ನೋಡಿದ ಪಶುವೈದ್ಯೆ ಹೇಳಿದರು. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ಬಗ್ಗೆ ಕೇಂದ್ರದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬುವ ಮುನ್ನ ಮರಿ ಮಾರುವಂತಿಲ್ಲ, ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ಎಂದು ಸುಮ್ಮನೆ ಬರೆದದ್ದಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಮೊದಲ ಪಾಠವನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಕಿತ್ತಾಡಿ, ತಾಯಿಯಿಂದ ಗದರಿಸಿಕೊಂಡು. ಅಲ್ಲಿ ಕಲಿಯದ ಪಾಠವನ್ನು ಅದು ಬ್ರೀಡಪ್ಪನವರ ಹಿಮ್ಮಡಿಯ ಮೇಲೆ ಕಲಿಯಿತು.

ಡಬ್ಬದಲ್ಲಿದ್ದ ಇನ್ನೊಂದು ಮರಿ ರಾಕಿ. ಅದನ್ನು ತೆಗೆದುಕೊಂಡವರು ಬ್ರೀಡಪ್ಪನವರ ಭಾವಮೈದ. ಮೂರನೆಯ ದಿನ ಎರಡಕ್ಕೂ ವಾಂತಿ, ಲೂಸ್ ಮೋಷನ್. ವೈದ್ಯೆ ಪಾರ್ವೊ ವೈರಸ್ ಸೋಂಕು ಎಂದರು. ಒಂದು ವಾರ ಡ್ರಿಪ್ ಹಾಕಿಸಿದ ಖರ್ಚು ಮರಿಯ ಬೆಲೆಯನ್ನು ದಾಟಿತು. ಮಾರಿದವನ ಫೋನು ಸ್ವಿಚ್ ಆಫ್. ಅಂದಿನಿಂದ ಲಸಿಕೆಯ ಪುಸ್ತಕ ಮನೆಯಾಕೆಯ ಸುಪರ್ದಿಯಲ್ಲಿ, ಗ್ಯಾಸ್ ಪುಸ್ತಕದ ಜೊತೆಗಿದೆ. ರೇಬಿಸ್ ಚುಚ್ಚುಮದ್ದು, ಜಂತಿನ ಮಾತ್ರೆ, ಕಿವಿಯ ಹಿಂದಿನ ಉಣ್ಣಿ ತೆಗೆಯುವುದು ಎಲ್ಲವೂ ಅವರ ಪಾಲು. ಬ್ರೀಡಪ್ಪನವರ ಪಾಲಿಗೆ ಉಪನ್ಯಾಸ.

ಉಪನ್ಯಾಸಕ್ಕೆ ವಿಷಯದ ಕೊರತೆಯೂ ಇಲ್ಲ. 2024ರ ಮಾರ್ಚಿನಲ್ಲಿ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಕೇಂದ್ರ ಸುತ್ತೋಲೆ ಹೊರಡಿಸಿದಾಗ ‘ನಾನು ಮೊದಲೇ ಹೇಳಿದ್ದೆ’ ಎಂದರು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿದಾಗಲೂ ‘ನಾನು ಮೊದಲೇ ಹೇಳಿದ್ದೆ’ ಎಂದರು. ಮರುವರ್ಷ, 50 ಕೋಟಿಗೆ ತೋಳ-ನಾಯಿ ಕೊಂಡೆ ಎಂದು ಬೆಂಗಳೂರಿನವರೊಬ್ಬರು ಹೇಳಿಕೊಂಡ ಸುದ್ದಿ ಹಬ್ಬಿತು. ಬ್ರೀಡಪ್ಪನವರು ಮೂರು ದಿನ ಅನ್ಯಮನಸ್ಕರಾಗಿದ್ದರು. ಇ.ಡಿ.ಯವರು ಹೋಗಿ ವಿಚಾರಿಸಿದಾಗ ಆ ಮಾತಿಗೆ ಆಧಾರ ಸಿಗಲಿಲ್ಲ ಎಂದು ಪತ್ರಿಕೆಗಳಲ್ಲಿ ಬಂದ ಮೇಲೆ ಮತ್ತೆ ಸರಿಯಾಗಿ ಊಟ ಮಾಡಿದರು.

ಈ ಉಪನ್ಯಾಸಗಳಿಗೆಲ್ಲ ಮೊದಲು, ಎಂಟು ತಿಂಗಳಿಗೇ ಬೆಲ್ಲಾ ಮೊದಲ ಸಲ ಹೀಟಿಗೆ ಬಂದಿತ್ತು. ಬ್ರೀಡಪ್ಪನವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದು ಹಾಳೆಯ ಮೇಲೆ ಎಂಟು ಮರಿ ಗುಣಿಲೆ ಇಷ್ಟು ಸಾವಿರ ಎಂದು ಲೆಕ್ಕ ಬರೆದರು. ಗಂಡುನಾಯಿಯ ಕಡೆಯವರಿಗೆ ಒಂದು ಮರಿ ಬಿಡುವುದು ವಾಡಿಕೆ. ಅದನ್ನೂ ಉಳಿಸಲು ಅವರು ಆರಿಸಿದ ವರ ಭಾವಮೈದನ ಮನೆಯ ರಾಕಿ. ಒಂದೇ ಡಬ್ಬದಲ್ಲಿ ಬಂದ ಅಣ್ಣ. ‘ಒಂದೇ ಲೈನು, ಇದಕ್ಕಿಂತ ಪ್ಯೂರ್ ಎಲ್ಲಿ ಸಿಗುತ್ತೆ?’ ಮಗಳ ಮದುವೆಗೆ ಗೋತ್ರ, ನಕ್ಷತ್ರ, ಮೂರು ತಲೆಮಾರಿನ ಸಕ್ಕರೆ ಕಾಯಿಲೆಯನ್ನೂ ವಿಚಾರಿಸಿ ಹನ್ನೊಂದು ಜಾತಕ ವಾಪಸು ಕಳಿಸಿದ ಮನುಷ್ಯ ಇವರೇ.

ಪಶುವೈದ್ಯೆ ಕೇಳಿ ಪೆನ್ನು ಕೆಳಗಿಟ್ಟರು.

‘ಅಂಕಲ್, ಅವಳೇ ಇನ್ನೂ ಮಗು. ಹದಿನೆಂಟು ತಿಂಗಳಾಗೋವರೆಗೂ ಮಾಡಿಸೋ ಹಾಗಿಲ್ಲ, ಕಾನೂನೇ ಇದೆ. ಆಮೇಲೂ ಲ್ಯಾಬ್ ಅಂದ್ಮೇಲೆ ಎರಡಕ್ಕೂ ಸೊಂಟದ ಎಕ್ಸ್-ರೇ ಆಗ್ಬೇಕು, ಕಣ್ಣು ನೋಡಿಸ್ಬೇಕು. ಅಣ್ಣ-ತಂಗಿಗಂತೂ ಬೇಡವೇ ಬೇಡ.’

‘ಹಾಗಲ್ಲ ಡಾಕ್ಟ್ರೇ, ಹೆಣ್ಣು ನಾಯಿ ಒಂದ್ಸಲ ಆದ್ರೂ ತಾಯಿ ಆಗ್ಬೇಕಂತೆ, ಇಲ್ದಿದ್ರೆ ಕಾಯಿಲೆ ಬರುತ್ತಂತೆ.’

‘ಯಾರಂತೆ?’

ಬ್ರೀಡಪ್ಪನವರ ಬಳಿ ಉತ್ತರವಿರಲಿಲ್ಲ, ಏಕೆಂದರೆ ಊರಿಗೆಲ್ಲ ಹಾಗೆ ಹೇಳುತ್ತಿದ್ದವರು ಅವರೇ. ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಸಂತಾನಹರಣ ಮಾಡಿಸಿದರೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಕುತ್ತು ತರುವ ಕಾಯಿಲೆ ತಪ್ಪುತ್ತದೆ, ಬೇಗ ಮಾಡಿಸಿದರೆ ಸ್ತನದ ಗಡ್ಡೆಯ ಸಾಧ್ಯತೆಯೂ ತಗ್ಗುತ್ತದೆ. ವೈದ್ಯೆ ಇದನ್ನು ಹೇಳಿದ್ದು ಬ್ರೀಡಪ್ಪನವರಿಗೆ, ಕೇಳಿಸಿಕೊಂಡದ್ದು ಮನೆಯಾಕೆ.

ಕೆಲವು ತಿಂಗಳ ಮೇಲೆ ಬ್ರೀಡಪ್ಪನವರು ಗೆಳೆಯರ ಜೊತೆ ಧರ್ಮಸ್ಥಳ, ಸುಬ್ರಹ್ಮಣ್ಯ ಎಂದು ಹೊರಟರು. ತಿರುಗಿ ಬರುವಷ್ಟರಲ್ಲಿ ಬೆಲ್ಲಾಳ ಹೊಟ್ಟೆಯ ಮೇಲೆ ಹೊಲಿಗೆ, ಕುತ್ತಿಗೆಗೆ ಪ್ಲಾಸ್ಟಿಕ್ ಆಲಿಕೆ. ‘ಏನೇ ಇದು?’ ‘ಆಪರೇಷನ್ನು ಕಣ್ರೀ. ಪ್ರಸಾದ ತಂದ್ರಾ?’ ಮಾತು ಅಷ್ಟಕ್ಕೇ ಮುಗಿಯಿತು. ಲೆಕ್ಕದ ಹಾಳೆ ಬೆಲ್ಲಾಳ ತಟ್ಟೆಯ ಕೆಳಗೆ ಹೋಯಿತು. ಒಂದೇ ವಾರದಲ್ಲಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಬ್ರೀಡಪ್ಪನವರು ಹೊಸ ಉಪನ್ಯಾಸ ಆರಂಭಿಸಿದರು: ‘ಜವಾಬ್ದಾರಿ ಇರೋ ಓನರ್ ಆದವನು ಮೊದಲು ಸಂತಾನಹರಣ ಮಾಡಿಸ್ಬೇಕು. ನೋಡಿ, ನಾನೇ ಮುಂದೆ ನಿಂತು ಮಾಡಿಸಿದೆ.’

ಭಾವಮೈದನ ರಾಕಿಗೆ ಮಾತ್ರ ಹೆಣ್ಣು ಹುಡುಕುವ ಕೆಲಸ ಇನ್ನೂ ನಿಂತಿಲ್ಲ. ಲ್ಯಾಬ್ ಸಾಕಿದವರ ನಂಬರು ಸಿಕ್ಕರೆ ಸಾಕು, ಭಾವಮೈದ ಫೋನು ಮಾಡುತ್ತಾರೆ. ನಿಮಗೂ ಬಂದರೆ ರಾಕಿಯ ಸೊಂಟದ ಎಕ್ಸ್-ರೇ, ಲಸಿಕೆಯ ಪುಸ್ತಕ, ಮಂಡಳಿಯ ನೋಂದಣಿ ಪತ್ರ ಮೂರನ್ನೂ ವಾಟ್ಸಾಪ್ ಮಾಡಲು ಹೇಳಿ. ‘ಅದೆಲ್ಲ ಯಾಕೆ ಸಾರ್, ಚಾಂಪಿಯನ್ ಲೈನು’ ಎಂದರೆ ದಯವಿಟ್ಟು ಫೋನು ಇಟ್ಟುಬಿಡಿ.